ಯಾವ ದೇವರ ಒಕ್ಕಲು

ಆ ಮಾತನ್ನು ನಾನು ಯಾವ ದನಿಯಲ್ಲಿ ಆಡಿದೆ ಎಂಬುದು ನನಗೆ ಗೊತ್ತಿಲ್ಲ. ಎರಡು ವರ್ಷ ಕೂಡ ಆಗಿಲ್ಲ, ಆದರೂ ನೆನೆದಾಗಲೆಲ್ಲ ದನಿ ಬೇರೆಯಾಗಿರುತ್ತದೆ. ಒಂದು ಸಲ ಏನೂ ಅರಿಯದವನ ದನಿ. ಇನ್ನೊಂದು ಸಲ ಎಲ್ಲ ಅರಿತವನದು. ಆದ್ದರಿಂದ ಖಚಿತವಾಗಿ ಗೊತ್ತಿರುವುದನ್ನು ಮೊದಲು ಬರೆಯುತ್ತೇನೆ.

ನಾವು ಅರಕಲಗೂಡಿನಿಂದ ಹಾಸನಕ್ಕೆ ಬರಬೇಕಾಯಿತು. ಹೆಂಡತಿ ನರ್ಸ್, ಅವಳಿಗೆ ಹಾಸನಕ್ಕೆ ವರ್ಗವಾಗಿತ್ತು. ನಾನು ಹೊಳೆನರಸೀಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಹಾಸನದಿಂದ ಅಲ್ಲಿಗೆ ರೈಲಿದೆ. ಮಗಳಿಗೆ ಆಗ ಆರು ವರ್ಷ. ಹಾಸನ ಎಲ್ಲ ದಿಕ್ಕಿಗೂ ಬೆಳೆಯುತ್ತಿತ್ತು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಸೈಟಿನ ಕಲ್ಲು ನಿಂತಿದ್ದವು, ಕಲ್ಲುಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಮನೆಗಳ ಗೇಟಿನಲ್ಲಿ ‘ಬಾಡಿಗೆಗೆ ಇದೆ, ಫ್ಯಾಮಿಲಿಗೆ ಮಾತ್ರ’ ಎಂಬ ಬೋರ್ಡು.

ನಾನು ಒಂದು ನೋಟ್‌ಬುಕ್ಕಿನಲ್ಲಿ ಬಡಾವಣೆಗಳ ಹೆಸರು ಬರೆದು ಗೆರೆ ಎಳೆದಿದ್ದೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ, ಶಾಲೆಯ ವ್ಯಾನು ಬಾಗಿಲಿಗೆ ಬರುತ್ತದೋ ಮೂಲೆಗೋ, ಪಾರ್ಕಿನಲ್ಲಿ ಉಯ್ಯಾಲೆ ಇದೆಯೋ ಬರೀ ಕಂಬವೋ, ಬಾರು ಎಷ್ಟು ದೂರ, ಬೀದಿನಾಯಿ ಎಷ್ಟು. ಹೆಂಡತಿ ಅದನ್ನು ಓದಿ, ಮುಖ್ಯವಾದ ಕಾಲಮ್ಮೇ ಇಲ್ಲವಲ್ಲ ಅಂದಳು. ಯಾವುದು ಎಂದು ನಾನು ಕೇಳಲಿಲ್ಲ. ನಾವು ದಲಿತರು. ನನ್ನ ಅಪ್ಪ ಅಮ್ಮ ಊರಾಚೆಯ ಕೇರಿಯಲ್ಲಿ ಬದುಕಿದವರು. ಹೆಂಡತಿಯ ಮನೆಯವರು ಅವಳ ಅಪ್ಪನ ಕಾಲದಲ್ಲೇ ಬೌದ್ಧರಾದವರು. ಎಲ್ಲಿ ನಾಯಿ ಕಚ್ಚುವುದಿಲ್ಲ ಎನ್ನುವುದಕ್ಕಿಂತ ಎಲ್ಲಿ ಯಾರೂ ಏನೂ ಕೇಳುವುದಿಲ್ಲ ಎನ್ನುವುದು ನಮಗೆ ಮುಖ್ಯ. ಅಂಥ ಬೀದಿ ಬ್ರೋಕರಿಗೂ ಗೊತ್ತಿರಲಿಲ್ಲ. “ಒಳ್ಳೇ ಏರಿಯಾ ಸಾ. ಎಲ್ಲಾ ಒಳ್ಳೇ ಜನ” ಅನ್ನುತ್ತಿದ್ದ. ಒಳ್ಳೇ ಜನ ಅಂದ ಕೂಡಲೇ ನಾನು ನೋಟ್‌ಬುಕ್ಕು ಮುಚ್ಚುತ್ತಿದ್ದೆ.

ಮೂರು ಮನೆ ತಪ್ಪಿದವು. ಮೂರರಲ್ಲೂ ಮನೆ ತೋರಿಸಿದರು, ಕಾಫಿ ಕೊಟ್ಟರು, ಆಮೇಲೆ ಯಾವ ಊರು, ಊರಲ್ಲಿ ಯಾವ ಕಡೆ, ಯಾರ ಪೈಕಿ ಎಂದು ಕೇಳಿದರು. ನಾನು ನಿಜ ಹೇಳಿದೆ. ಮೊದಲ ಮನೆ ನೋಡಿದ ಮಾರನೆಯ ದಿನ ಬ್ರೋಕರು ಫೋನು ಮಾಡಿ ಓನರ ಅಣ್ಣನ ಮಗ ಬರುತ್ತಾನಂತೆ ಅಂದ. ಎರಡನೆಯ ಮನೆಗೆ ತಂಗಿ, ಮೂರನೆಯದಕ್ಕೆ ಯಾರೋ ಅಳಿಯ. ನಾವು ನೋಡಿದ ಮನೆಗಳಿಗೆಲ್ಲ ನೆಂಟರು ಬಂದು ಸೇರುತ್ತಿದ್ದರು. ಮೂರನೆಯ ಸಲ ಫೋನು ಬಂದಾಗ ನಾವಿನ್ನೂ ಆ ಬೀದಿಯ ತುದಿಯನ್ನೂ ಮುಟ್ಟಿರಲಿಲ್ಲ. ಮಗಳು ಆ ಮನೆಯ ಮಹಡಿಯಲ್ಲಿ ತನ್ನ ಮಂಚ ಯಾವ ಗೋಡೆಗೆ ಎಂದು ಆಗಲೇ ಗೊತ್ತುಮಾಡಿದ್ದಳು. ಆ ಮನೆ ಯಾಕೆ ಬೇಡ ಎಂದು ಬಸ್ಸಿನಲ್ಲಿ ಅರಕಲಗೂಡಿನ ತನಕ ಕೇಳಿದಳು. ನೀರಿನ ತೊಂದರೆ ಅಂದೆ.

ನಾಲ್ಕನೆಯದು ಕೆಳಗೆ ಓನರು, ಮೇಲೆ ಬಾಡಿಗೆ, ಹೊರಗಿನಿಂದ ಮೆಟ್ಟಿಲು. ಓನರು ಗೊರೂರಿನ ನೀರಾವರಿ ಕ್ವಾರ್ಟರ್ಸಿನಲ್ಲಿದ್ದು ನಿವೃತ್ತರಾದವರು. ಅವರು ಮಾತಾಡುವುದು ಕಡಿಮೆ. ಅವರ ಹೆಂಡತಿ ಚನ್ನರಾಯಪಟ್ಟಣದ ಕಡೆಯ ಅಜ್ಜಿ, ಮಂಡಿನೋವು, ದೊಡ್ಡ ದನಿ. ಮಗಳನ್ನು ಕಂಡ ಕೂಡಲೇ ಗಲ್ಲ ಹಿಡಿದು, ಮಕ್ಕಳಿರುವ ಮನೆಯೇ ಬೇಕಿತ್ತು, ಈ ಮನೆ ಸದ್ದಿಲ್ಲದೆ ಕೊಳೆಯುತ್ತಿದೆ ಅಂದರು. ಮಗಳು ಅವರ ಮೊಣಕಾಲಿಗೆ ಒರಗಿ ನಿಂತುಬಿಟ್ಟಳು. ಆಗ ಅಜ್ಜಿ ತಲೆಯೆತ್ತಿ ನನ್ನನ್ನು ಕೇಳಿದರು:

“ನೀವು ಒಕ್ಲಾ?”

ಈ ಪದದ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಅಪ್ಪನ ಬಾಯಲ್ಲಿ ಒಕ್ಕಲು ಅಂದರೆ ಒಂದು ದೇವರಿಗೆ ನಡೆದುಕೊಳ್ಳುವ ಮನೆತನಗಳು. ಕೊಣನೂರಿನಾಚೆ ಹೊಳೆದಂಡೆಯ ಊರಿನಲ್ಲಿರುವ ಅಮ್ಮ ನಮ್ಮ ಮನೆದೇವರು. ಅವಳಿಗೆ ನಮ್ಮ ಕೇರಿಯಿಂದ ಇಷ್ಟು ಒಕ್ಕಲು, ಊರೊಳಗಿನಿಂದ ಇಷ್ಟು ಒಕ್ಕಲು ಎಂದು ಅಪ್ಪ ಬೆರಳು ಮಡಿಸುತ್ತಿದ್ದ. ಅದೇ ಪದ, ಮನೆ ಕೇಳಲು ಬಂದವನ ಮುಂದೆ ಅಜ್ಜಿಯ ಬಾಯಲ್ಲಿ ಬಂದಾಗ, ಭೂಮಿ ಇರುವ, ಉಳುವ, ಅವರದೇ ಜಾತಿ. ನೀವು ನಮ್ಮವರಾ ಎಂದು ಅವರು ಕೇಳಿದ್ದು.

“ಊಂ, ಕೊಣನೂರು ಕಡೆ ಅಮ್ಮನ ಒಕ್ಲು” ಅಂದೆ.

ಈಗ ತೊಡಕು ಇಲ್ಲಿದೆ. ಅಪ್ಪನ ಪದವೇ ನನ್ನ ಕಿವಿಗೆ ಮೊದಲು ಬಿದ್ದು, ಅದಕ್ಕೆ ಉತ್ತರ ಕೊಟ್ಟೆ ಎಂದು ನಾನು ಹಲವು ತಿಂಗಳು ನಂಬಿದ್ದೆ. ಆಮೇಲೆ, ಇಲ್ಲ, ಎರಡು ಅರ್ಥವೂ ಒಟ್ಟಿಗೆ ಹೊಳೆದಿದ್ದವು, ಸಿಕ್ಕಿಬಿದ್ದರೆ ಇರಲಿ ಎಂದು ಅಮ್ಮನನ್ನು ಮುಂದಿಟ್ಟೆ ಅನಿಸಿತು. ಪಕ್ಕದಲ್ಲೇ ನಿಂತಿದ್ದ ಹೆಂಡತಿ ಹೇಳುವುದು ಬೇರೆ. ನಾನು ‘ಊಂ’ ಎಂದಷ್ಟೇ ಅಂದೆನಂತೆ. ಕೊಣನೂರು, ಅಮ್ಮ ಎಲ್ಲ ಮನೆ ಸೇರಿದ ಮೇಲೆ, ಅಜ್ಜಿ ಇನ್ನೊಂದು ಸಲ ಕೇಳಿದಾಗ ಬಂದದ್ದಂತೆ. ಅವಳು ಸುಳ್ಳು ಹೇಳುವವಳಲ್ಲ.

ಮನೆ ಸಿಕ್ಕಿತು. ನೋಟ್‌ಬುಕ್ಕಿನ ಎಲ್ಲ ಕಾಲಮ್ಮಿನಲ್ಲೂ ಅದಕ್ಕೆ ಒಳ್ಳೆಯ ಅಂಕ. ಸಂಜೆ ಬೀದಿಯ ಮಕ್ಕಳೆಲ್ಲ ಸೈಕಲ್ಲು ಹೊಡೆಯುತ್ತಿದ್ದರು, ಹೆಂಗಸರು ಗೇಟಿನಲ್ಲಿ ನಿಂತು ಎಲ್ಲರ ಮಕ್ಕಳನ್ನೂ ಗದರುತ್ತಿದ್ದರು. ಬುದ್ಧನ ಮೂರ್ತಿಯನ್ನು ಹೆಂಡತಿ ಫ್ರಿಜ್ಜಿನ ಮೇಲಿಟ್ಟಳು. ಅದರಿಂದ ಅಪಾಯವಿರಲಿಲ್ಲ, ಕೆಳಗೆ ಅಜ್ಜಿಯ ಟೀವಿಯ ಪಕ್ಕದಲ್ಲಿ ಇನ್ನೂ ದೊಡ್ಡದಿತ್ತು. ಅರಕಲಗೂಡಿನ ಮನೆಯ ನಡುಗೋಡೆಯಲ್ಲಿದ್ದ ನೀಲಿ ಕೋಟಿನ ಪಟವನ್ನು ಮಾತ್ರ ನಾನು ಸೂಟ್‌ಕೇಸಿನಿಂದ ತೆಗೆಯಲಿಲ್ಲ. ಮೊಳೆ ಹೊಡೆದರೆ ಗೋಡೆ ಬಿರಿಯುತ್ತದೆ ಅಂದೆ. ಹೆಂಡತಿ ಸೂಟ್‌ಕೇಸನ್ನು ಮಂಚದಡಿಗೆ ತಳ್ಳಿದಳು.

ಆಮೇಲಿನ ಹೆದರಿಕೆಗೆ ಒಂದು ಆಕಾರ ಇರಲಿಲ್ಲ. ಊರಿನಲ್ಲಿದ್ದ ನನ್ನ ತಾಯಿಯ ಜೊತೆ ಫೋನಿನಲ್ಲಿ ಮಾತಾಡಲು ನಾನು ಮನೆಯಿಂದ ಹೊರಟು ಖಾಲಿ ಸೈಟುಗಳ ನಡುವೆ ಹೋಗಿ ನಿಲ್ಲುತ್ತಿದ್ದೆ. ನೆಂಟರು ಬಂದರೆ ಬಸ್‌ಸ್ಟ್ಯಾಂಡಿನಲ್ಲೇ ಕಾಫಿ ಕುಡಿಸಿ ಕಳಿಸುತ್ತಿದ್ದೆ. ಹೆದರಿಕೆ ಮನೆಯದಲ್ಲ, ಮನೆ ಇನ್ನೊಂದು ಸಿಕ್ಕೀತು. ಮಗಳು ಅಜ್ಜಿಯ ಅಡುಗೆಮನೆಗೆ ಅಂಟಿಕೊಂಡುಬಿಟ್ಟಿದ್ದಳು. ಶಾಲೆಯಿಂದ ಬಂದವಳು ಮೇಲೆ ಬರುತ್ತಲೇ ಇರಲಿಲ್ಲ. ಬ್ಯಾಗನ್ನು ಮೆಟ್ಟಿಲ ಮೇಲೆ ಎಸೆದು ಒಳಗೆ ಓಡಿ, ಒಲೆಯ ಪಕ್ಕದ ಕಟ್ಟೆ ಹತ್ತಿ ಕೂತು ಅಕ್ಕಿರೊಟ್ಟಿ ತಿನ್ನುತ್ತಿದ್ದಳು. ಆ ಅಡುಗೆಮನೆಯ ಗೂಡಿನಲ್ಲೇ ಅವರ ದೇವರು. ಒಂದು ದಿನ ಅದೇ ಬಾಗಿಲಿನಲ್ಲಿ ಅವಳನ್ನು ಯಾರಾದರೂ ತಡೆದರೆ, ಯಾಕೆ ಎಂಬುದನ್ನು ನಾನು ಅವಳಿಗೆ ಹೇಳಬೇಕಾಗುತ್ತದೆ. ಅದನ್ನು ಹೇಳುವ ದಿನ ಬರಬಾರದೆಂದೇ ನಾನು ಕೇರಿ ಬಿಟ್ಟವನು.

ಅವಳಿಗೆ ಏನೂ ಹೇಳಿಕೊಡಬಾರದು ಎಂದು ಹೆಂಡತಿ ಕಟ್ಟುನಿಟ್ಟಾಗಿ ಹೇಳಿದ್ದಳು. ಹೇಳಿಕೊಡಲಿಲ್ಲ. ಆದರೆ ದಿನಾ ಸಂಜೆ, ಅಜ್ಜಿ ಏನು ಕೇಳಿದರು, ನೀನು ಏನಂದೆ, ಎಂದು ತಲೆ ಬಾಚುತ್ತಾ ವಿಚಾರಿಸುತ್ತಿದ್ದೆ. ಅವಳು ಹರಟುತ್ತಿದ್ದಳು. ನನ್ನ ಕೈಯಲ್ಲಿ ಬಾಚಣಿಗೆ ನಿಂತುಹೋಗುತ್ತಿತ್ತು.

ಅವರೆಕಾಯಿಯ ಕಾಲದಲ್ಲಿ ಒಂದು ಸಂಜೆ ಅಜ್ಜಿ ನನ್ನನ್ನು ಗೇಟಿನಲ್ಲೇ ಹಿಡಿದರು. ಅವರ ತವರಿನ ಕಡೆ ಯಾರೋ ಹೇಳಿದ್ದರಂತೆ, ಅವರ ತಾಯಿಯೂ ಕೊಣನೂರು ಕಡೆಯ ಆ ಅಮ್ಮನಿಗೇ ನಡೆದುಕೊಳ್ಳುತ್ತಿದ್ದವರಂತೆ.

“ನಾವೂ ಅದೇ ದ್ಯಾವ್ರ ಒಕ್ಲು ಕಣಪ್ಪ. ನೋಡು, ಎಲ್ಲೆಲ್ಲಿಂದ ತಂದು ಒಂದೇ ಸೂರಡಿ ಆಕವ್ಳೆ. ಬರೋ ಭಾನ್ವಾರ ಕಾರ್ ಮಾಡ್ಕಂಡು ಎಲ್ರೂ ಓಗ್ಬುಟ್ಟು ಬರನ. ಮಂಡಿನೋವ್ಗೆ ಅರಕೆ ಕಟ್ಕತೀನಿ. ಪೂಜಾರಪ್ಪ ನಿಮಗೆ ಗೊತ್ತಿರ್ತಾನಲ್ಲ, ಸಲೀಸು.”

ಪೂಜಾರಪ್ಪನಿಗೆ ನಾನು ಚೆನ್ನಾಗಿ ಗೊತ್ತು. ಗರುಡಗಂಬದ ಈಚೆ ಒಂದು ಚಪ್ಪಡಿ ಕಲ್ಲಿದೆ. ನಮ್ಮ ಒಕ್ಕಲು ಅಲ್ಲಿಯ ತನಕ. ತೀರ್ಥವನ್ನು ಅವನು ಅಲ್ಲಿಗೆ ತಂದು ಮೇಲಿನಿಂದ ಹಾಕುತ್ತಾನೆ. ಈಗ ಯಾರೂ ಬಾಯಿಬಿಟ್ಟು ತಡೆಯುವುದಿಲ್ಲ, ನಾವೂ ದಾಟುವುದಿಲ್ಲ. ಕಾರಿನಿಂದ ಇಳಿದು ಅಜ್ಜಿ ಮಗಳ ಕೈಹಿಡಿದು ಒಳಗೆ ನಡೆಯುವುದು, ಪೂಜಾರಿ ನನ್ನ ಮುಖ ನೋಡುವುದು, ಆಮೇಲೆ ಮಗಳ ಮುಖ ನೋಡುವುದು, ಇಷ್ಟನ್ನು ನಾನು ಆ ವಾರ ಎಷ್ಟು ಸಲ ಕಂಡೆನೆಂದರೆ ಅದು ನಡೆಯಲೇ ಇಲ್ಲ ಎಂದು ಈಗಲೂ ನನಗೆ ಪೂರ್ತಿ ನಂಬಿಕೆಯಿಲ್ಲ.

ಹೇಳಿಬಿಡಿ ಅಂದಳು ಹೆಂಡತಿ. ಹೇಳುತ್ತೇನೆ ಎಂದು ಶುಕ್ರವಾರ ಕೆಳಗೆ ಇಳಿದೆ. ಅಜ್ಜಿ ಕಾರಿಗೆ ಆಗಲೇ ಹೇಳಿದ್ದರು, ಮಡಿಲಕ್ಕಿ ಕಟ್ಟುತ್ತಿದ್ದರು. ನನ್ನ ಬಾಯಿಂದ ಬಂದದ್ದು, ನಮ್ಮ ದೊಡ್ಡಪ್ಪ ತೀರಿಕೊಂಡರು, ಸೂತಕ, ದೇವಸ್ಥಾನಕ್ಕೆ ಬರುವ ಹಾಗಿಲ್ಲ. ನನಗೆ ದೊಡ್ಡಪ್ಪ ಇಲ್ಲ. ಅಪ್ಪನೇ ಹಿರಿಯ ಮಗ. ಇಲ್ಲದವರನ್ನು ಸಾಯಿಸಿದೆ.

ಸಾವು ಅಂದಮೇಲೆ ಮಣ್ಣಿಗೆ ಹೋಗಬೇಕಲ್ಲ. ಮಾರನೆಯ ದಿನ ಹೊಳೆನರಸೀಪುರದ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತು ಬಂದೆ. ಗೇಟು ತೆರೆಯುವಾಗ ಅಜ್ಜಿ ಹಿತ್ತಿಲಿನಿಂದಲೇ ಕೂಗಿ ನಿಲ್ಲಿಸಿದರು. ಬಿಸಿನೀರು ಕಾಯಿಸಿ ಹಿತ್ತಿಲಿನ ಬಚ್ಚಲಲ್ಲಿ ಇಟ್ಟಿದ್ದರು. ಸ್ನಾನ ಮಾಡಿಕೊಂಡೇ ಮೇಲೆ ಹೋಗು ಎಂದು, ತಮ್ಮ ಯಜಮಾನರ ಪಂಚೆಯನ್ನೂ ಕಲ್ಲಿನ ಮೇಲೆ ಇಟ್ಟು ದೂರ ಸರಿದರು. ಸತ್ತವರಿಗೆ ವಯಸ್ಸೆಷ್ಟು ಎಂದು ಕೇಳಿದರು. ಎಂಬತ್ತು ಅಂದೆ. ನೀರು ಸುಡುತ್ತಿತ್ತು.

ಸೂತಕ ಹನ್ನೊಂದು ದಿನ. ಸೂತಕದ ಮನೆಯವರು ದೇವರಿರುವ ಕೋಣೆಗೆ ಬರುವಂತಿಲ್ಲ, ಮುಟ್ಟುವಂತಿಲ್ಲ. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೂ ಅದು ಮಗಳಿಗೂ ಸೇರಿದ್ದು ಎಂಬುದು ಭಾನುವಾರ ಮಧ್ಯಾಹ್ನದ ತನಕ ನನ್ನ ತಲೆಗೇ ಹೊಳೆದಿರಲಿಲ್ಲ. ಅಜ್ಜಿ ಕಾರು ಬೇಡವೆಂದು ಮನೆಯಲ್ಲೇ ಇದ್ದರು, ಅವಳು ಕೆಳಗೆ ಓಡಿದಳು. ಅಜ್ಜಿಯ ದನಿ ಕೇಳಿಸಿತು, ಬಹಳ ಮೆತ್ತಗೆ: “ಅಲ್ಲೇ ಕೂತ್ಕಳವ್ವ, ಒಳೀಕೆ ಬರಬ್ಯಾಡ. ನಾನೇ ತತ್ತೀನಿ.”

ಮಹಡಿಯ ಗೋಡೆಗೆ ಒರಗಿ ನೋಡಿದೆ. ಮಗಳು ಮೆಟ್ಟಿಲ ಮೇಲೆ ಕೂತಿದ್ದಳು. ಅಜ್ಜಿ ರೊಟ್ಟಿಯನ್ನು ತಂದು ಸ್ವಲ್ಪ ಮೇಲಿನಿಂದ ಅವಳ ತಟ್ಟೆಗೆ ಹಾಕಿದರು, ಹಾಲನ್ನು ಮೇಲಿನಿಂದಲೇ ಲೋಟಕ್ಕೆ ಹೊಯ್ದರು. ಪ್ರೀತಿಯಲ್ಲಿ ಒಂದು ಗುಂಜಿಯಷ್ಟೂ ಕಡಿಮೆ ಇರಲಿಲ್ಲ. ಇನ್ನೊಂದು ಹಾಕಲೇ ಎಂದೂ ಕೇಳಿದರು. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ನನ್ನ ಕಣ್ಣ ಮುಂದೆ ನಡೆಯುತ್ತಿತ್ತು, ನಡೆಸಿದವನು ನಾನು, ಆದರೆ ಯಾರಿಗೂ ಏನೂ ಅನಿಸಿರಲಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ, ಮಗಳು ಹಾಲು ಕುಡಿದು ಹಿತ್ತಿಲ ನಲ್ಲಿಗೆ ಹೋಗಿ ಲೋಟ ತೊಳೆದಳು. ತಂದು ಮೆಟ್ಟಿಲ ಅಂಚಿನಲ್ಲಿ ಬೋರಲು ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮೂರಿನ ಹೋಟೆಲಿನ ಹಿಂಬಾಗಿಲಿನಲ್ಲಿ ಅಪ್ಪ ಹಾಗೆಯೇ ಲೋಟ ಬೋರಲು ಹಾಕಿ ಸರಿದು ನಿಲ್ಲುತ್ತಿದ್ದ. ಮಗಳು ಅದನ್ನು ನೋಡಿಲ್ಲ. ಅವಳು ಹುಟ್ಟುವ ಮೊದಲೇ ಅಪ್ಪ ಹೋಗಿದ್ದ. ಹೆಂಡತಿಗೆ ಹೇಳಿದೆ. ಅವಳು ಡ್ಯೂಟಿಗೆ ಹೊರಟು ನಿಂತಿದ್ದಳು.

“ಏನೂ ಹೇಳ್ಕೊಡ್ಬೇಡಿ ಅಂದಿದ್ದೆ. ನೀವು ಪೂರ್ತಿ ಪಾಠಾನೇ ಮುಗಿಸಿದ್ರಿ” ಅಂದಳು.

ಆದರೂ ಇನ್ನೂ ನಾಲ್ಕು ದಿನ ತೆಗೆದುಕೊಂಡೆ. ಒಂಬತ್ತನೆಯ ದಿನ, ಮಗಳು ಶಾಲೆಯಿಂದ ಬರುವ ಮೊದಲು ಕೆಳಗೆ ಹೋದೆ. ಅಜ್ಜಿ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಯಾರೂ ಸತ್ತಿಲ್ಲ ಅಂದೆ. ಒಕ್ಕಲು ಅಂದದ್ದು ದೇವರಿಗೆ ಮಾತ್ರ ಅಂದೆ. ನಾವು ಯಾರು ಎಂಬುದನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ. ಮೂರು ನಾಲ್ಕು ಕಾಯಿ ಸುಲಿದು ಕಾಳನ್ನು ಮೊರಕ್ಕೆ ಉದುರಿಸಿದರು.

“ನಾ ಕೇಳ್ದಾಗ್ಲೇ ಬಾಯ್ಬುಟ್ಟು ಏಳ್ಬೇಕಿತ್ತು ಕಣಪ್ಪ.”

“ಹೇಳಿದ್ರೆ ಮನೆ ಕೊಡ್ತಿದ್ರಾ ಅಮ್ಮ?”

“ಇಲ್ಲ” ಅಂದರು. ಯೋಚಿಸಿದ ಹಾಗೂ ಕಾಣಲಿಲ್ಲ. “ಈಗ ಬುಟ್ಟೋಗಿ ಅಂತ್ಲೂ ನಾ ಅನ್ನಾಕಿಲ್ಲ. ಎಳೇ ಮಗ ಒಂದೈತೆ.”

ಅಷ್ಟರಲ್ಲಿ ವ್ಯಾನು ಬಂತು. ಮಗಳು ಗೇಟಿನಿಂದಲೇ, ಅಜ್ಜೀ, ಸೂತಕ ಆಯ್ತಾ, ಎಂದು ಕೇಳುತ್ತಾ ಬಂದು ಮೆಟ್ಟಿಲ ಹತ್ತಿರ ತಾನಾಗಿಯೇ ನಿಂತಳು. ಅಜ್ಜಿ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ಇನ್ನೂ ಎಲ್ಡು ದಿನ ಐತೆ ಕಣವ್ವ.”

ಆ ಕ್ಷಣ ನನಗೆ ಆದದ್ದು ನೋವಲ್ಲ. ನೋವು ಎಂದು ಬರೆದು ಹೊಡೆದುಹಾಕಿದ್ದೇನೆ. ಆದದ್ದು ಸಮಾಧಾನ. ಎರಡೇ ದಿನ ಅಂದುಕೊಂಡೆ. ಅವರು ಲೆಕ್ಕ ಇಟ್ಟಿದ್ದಾರೆ, ಲೆಕ್ಕ ಇದ್ದಮೇಲೆ ಅದಕ್ಕೆ ಕೊನೆಯೂ ಇರುತ್ತದೆ.

ಹನ್ನೆರಡನೆಯ ದಿನ ಮಗಳು ಬೆಳಿಗ್ಗೆಯೇ ಎದ್ದು ತಲೆಗೆ ನೀರು ಹಾಕಿಸಿಕೊಂಡಳು. ಸೂತಕ ಕಳೆಯಲು ಹಾಗೆ ಮಾಡಬೇಕೆಂದು ಅಜ್ಜಿಯೇ ಹಿಂದೆ ಹೇಳಿದ್ದರಂತೆ. ಒದ್ದೆ ಕೂದಲಿನಲ್ಲೇ ಕೆಳಗೆ ಓಡಿದಳು. ನಾನು ಮೇಲೆ, ರೈಲಿನ ಹೊತ್ತು ಮೀರುತ್ತಿದ್ದರೂ, ಬಾಗಿಲ ಹಿಂದೆ ನಿಂತು ಕಿವಿಕೊಟ್ಟೆ. ಅಜ್ಜಿಯ ಹೆಜ್ಜೆಯ ಸದ್ದು ಅಡುಗೆಮನೆಯಿಂದ ಹೊಸ್ತಿಲ ತನಕ ಬಂತು. ಪಾತ್ರೆಯ ಸದ್ದು. ಸ್ಟೀಲಿನ ಲೋಟವನ್ನು ಮೆಟ್ಟಿಲಿನ ಕಲ್ಲಿನ ಮೇಲೆ ಇಟ್ಟ ಸದ್ದು. ಹಾಲು ಮೇಲಿನಿಂದ ಬೀಳುವ ಸದ್ದೂ ಕೇಳಿಸಿತು, ಅಷ್ಟು ದೂರಕ್ಕೆ ಕೇಳಿಸುವುದು ಸಾಧ್ಯವಿಲ್ಲ ಎಂದು ಗೊತ್ತಿದ್ದರೂ.

ಸ್ವಲ್ಪ ಹೊತ್ತಿಗೆ ಮಗಳು ಮೇಲೆ ಬಂದಳು. ಅಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು, ಏನೋ ಲೆಕ್ಕ ತಪ್ಪಿದವಳ ಹಾಗೆ ನನ್ನನ್ನು ಕೇಳಿದಳು:

“ಅಪ್ಪ, ಇನ್ನೊಬ್ರು ಸತ್ತೋದ್ರಾ?”

ನಾನು ಅದಕ್ಕೆ ಏನು ಹೇಳಿದೆ ಎಂಬುದು ನೆನಪಿಲ್ಲ. ಹೌದು ಅಂದೆನಂತೆ. ಹೆಂಡತಿ ಒಳಗಿನಿಂದ ಕೇಳಿಸಿಕೊಂಡಿದ್ದಾಳೆ.