ತಪ್ಪನ್ನು ತಪ್ಪಾಗಿಯೇ ಉಳಿಸುವ ಫೆನ್ನಾ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಚದುರಂಗದ ಕಾಯಿಗಳನ್ನು ಸರಿಯಾಗಿ ಜೋಡಿಸಿಡಬಲ್ಲೆ, ನನ್ನ ಆಟ ಅಲ್ಲಿಗೇ ಮುಗಿಯುತ್ತದೆ. ಕಂಪ್ಯೂಟರ್ ಬಗ್ಗೆ ಗೊತ್ತಿರುವುದು ಎರಡು ಚಳಿಗಾಲ ಸಂಜೆ ತರಗತಿಯಲ್ಲಿ ಕಲಿತಷ್ಟು. ಇದನ್ನು ಬಲ್ಲವರು ಯಾರಾದರೂ ಬರೆಯುತ್ತಾರೆಂದು ನಾಲ್ಕು ವರ್ಷ ಕಾದೆ, ಯಾರೂ ಬರೆಯಲಿಲ್ಲ. ಈ ಬರಹದಲ್ಲಿ ತಪ್ಪು ಕಂಡರೆ ಅದು ನನ್ನದೇ ಇರಬೇಕು. ಫೆನ್ನಾ ಡೈಕೆಮಾ ತಪ್ಪು ಮಾಡುವವರಲ್ಲ. ಬೇರೆಯವರು ಮಾಡಿದ ತಪ್ಪುಗಳನ್ನು ಜೋಪಾನ ಮಾಡುವವರು.

ಮೇ ತಿಂಗಳು, ಬೆಳಿಗ್ಗೆ ಐದೂಮುಕ್ಕಾಲು. ಆಪಿಂಗೆದಾಮ್ ಎಂಬ ಡಚ್ ಊರಿನಲ್ಲಿ ಮುಚ್ಚಿಹೋದ ಪ್ರಾಥಮಿಕ ಶಾಲೆಯೊಂದರ ಪೂರ್ವದ ಕೋಣೆ. ಎದುರುಗಾಳಿಗೆ ಸೈಕಲ್ ತುಳಿದು ಬಂದ ಫೆನ್ನಾ ಕೋಟನ್ನೂ ಬಿಚ್ಚದೆ ಒಂದು ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲೆ ಹಾಸುತ್ತಾರೆ. ಅಂಚಿನಲ್ಲಿ ಸಾಲು ತೂತುಗಳಿರುವ ಉದ್ದನೆಯ ಹಳೆಯ ಪ್ರಿಂಟರ್ ಕಾಗದ. ಶಾಯಿ ಪೂರ್ತಿ ಮಾಸಿ ಹಾಳೆ ಖಾಲಿಯಂತೆ ಕಾಣುತ್ತದೆ. ಅಷ್ಟರಲ್ಲಿ ಕಾಲುವೆಯಾಚೆಯ ಹಂಚಿನ ಮೇಲಿಂದ ಎಳೆಬಿಸಿಲು ಅಡ್ಡಡ್ಡ ಬಂದು ಬೀಳುತ್ತದೆ. ಪ್ರಿಂಟರಿನ ಸೂಜಿಗಳು ನಲವತ್ತು ವರ್ಷದ ಹಿಂದೆ ಕಾಗದದಲ್ಲಿ ಚುಚ್ಚಿದ ಗುಳಿಗಳು ಒಂದೊಂದಾಗಿ ನೆರಳು ತಾಳಿ ಅಕ್ಷರಗಳಾಗುತ್ತವೆ!

"ನೋಡಿ, ಬಂತು ಬಂತು!" ಎನ್ನುತ್ತಾರೆ ಫೆನ್ನಾ. "ಐವತ್ತು ನಿಮಿಷ ಇರುತ್ತೆ ಅಷ್ಟೇ. ಆಮೇಲೆ ಸೂರ್ಯ ಮೇಲೆ ಹೋದ್ರೆ ಇದು ಮತ್ತೆ ಬರೀ ಕಾಗದ. ಮಾತಾಡಿಸ್ಬೇಡಿ ನನ್ನ."

ಆ ಐವತ್ತು ನಿಮಿಷದಲ್ಲಿ ಅವರು ಎಂಬತ್ತು ಸಾಲು ಟೈಪ್ ಮಾಡುತ್ತಾರೆ. ಅವೆಲ್ಲ ಹಳೆಯ ಚದುರಂಗ ಪ್ರೋಗ್ರಾಂಗಳ ಸೋರ್ಸ್ ಕೋಡ್: ಯಂತ್ರ ಹೇಗೆ ಯೋಚಿಸಬೇಕೆಂದು ಯಾರೋ ಗಣಿತದ ಮೇಷ್ಟ್ರು, ಯಾರೋ ರೈಲ್ವೆ ಗುಮಾಸ್ತರು ರಜೆಯ ದಿನಗಳಲ್ಲಿ ಕೂತು ಬರೆದ ಆದೇಶಗಳು. ಡಿಸ್ಕುಗಳು ಹಾಳಾಗಿವೆ, ಯಂತ್ರಗಳು ಗುಜರಿ ಸೇರಿವೆ. ಉಳಿದದ್ದು ಅಟ್ಟದ ಕಾಗದ. ಏಳು ವರ್ಷದಲ್ಲಿ ಫೆನ್ನಾ ಹತ್ತೊಂಬತ್ತು ಪ್ರೋಗ್ರಾಂಗಳನ್ನು ಹೀಗೆ ಎಬ್ಬಿಸಿ ಕೂರಿಸಿದ್ದಾರೆ. ಸಂಬಳವಿಲ್ಲ.

ಫೆನ್ನಾಗೆ ಪ್ರೋಗ್ರಾಂ ಬರೆಯಲು ಬರುವುದಿಲ್ಲ. ಚದುರಂಗವನ್ನೂ ಆಡುವುದಿಲ್ಲ. ಇಪ್ಪತ್ತೆಂಟು ವರ್ಷ ಜಲ ನಿರ್ವಹಣಾ ಕಚೇರಿಯಲ್ಲಿ ಉಬ್ಬರವಿಳಿತದ ಅಂಕಿಗಳನ್ನು ಟೈಪ್ ಮಾಡಿದವರು. ಕಂಪ್ಯೂಟರ್ ಬಂದು ಆ ಕೆಲಸವನ್ನೇ ತೆಗೆದುಹಾಕಿತು. ಆಮೇಲೆ ಬೇಕರಿ, ವೃದ್ಧಾಶ್ರಮದ ಅಡುಗೆಮನೆ, ಮಂಡಿನೋವು. ಕಚೇರಿಯ ಅಭ್ಯಾಸವೊಂದನ್ನು ಮಾತ್ರ ಬಿಟ್ಟಿಲ್ಲ. ಪ್ರತಿ ಪುಟವನ್ನೂ ಎರಡು ಸಲ ಟೈಪ್ ಮಾಡುತ್ತಾರೆ, ಎರಡನೆಯ ಸಲ ಕೊನೆಯ ಸಾಲಿನಿಂದ ಮೇಲಕ್ಕೆ. "ಮೇಲಿಂದ ಓದಿದ್ರೆ ಅರ್ಥ ಆಗೋಕೆ ಶುರುವಾಗುತ್ತೆ. ಅರ್ಥ ಆಯ್ತೋ, ಕೈ ತಾನಾಗೇ ತಿದ್ದುತ್ತೆ. ತಿದ್ದಿದ್ರೆ ಕೆಟ್ಟೆ."

ತಿದ್ದಿ ಕೆಟ್ಟವರು ಅದೇ ಕೋಣೆಯಲ್ಲಿದ್ದಾರೆ: ಹಳೆಯ ಪ್ರೋಗ್ರಾಂಗಳನ್ನು ಉಳಿಸಲೆಂದು ಇಲ್ಲಿ ಸೇರುವ ಪುಟ್ಟ ಸಂಘದ ಏಕೈಕ ನಿಜವಾದ ಪ್ರೋಗ್ರಾಮರ್ ವೊಬ್ಬೆ. ಅವರ ಕಥೆ ಹೇಳದೆ 'ಕೀವಿಟ್' ಕಥೆ ಹೇಳಲಾಗದು.

'ಕೀವಿಟ್' ಎಂದರೆ ಟಿಟ್ಟಿಭ ಹಕ್ಕಿ. ಆ ಹೆಸರಿನ ಪ್ರೋಗ್ರಾಂ ಬರೆದವರು ನಿವೃತ್ತ ಗಣಿತದ ಮೇಷ್ಟ್ರು ರೀನುಸ್ ಟೆನ್ ಹಾವೆ, ಈಗ ಎಂಬತ್ತೊಂದು. 1984ರಲ್ಲಿ ಆಲ್ಮೆಲೋದ ಶಾಲೆಯೊಂದರ ಜಿಮ್ ಹಾಲಿನಲ್ಲಿ ಯಂತ್ರಗಳ ಪಂದ್ಯಾವಳಿ ನಡೆಯಿತು. ಆಗ ಯಂತ್ರ ತನ್ನ ನಡೆಯನ್ನು ಪರದೆಯಲ್ಲಿ ತೋರಿಸಬೇಕು, ಮನುಷ್ಯರು ಅದನ್ನು ನೋಡಿ ಹಲಗೆಯ ಮೇಲೆ ಕಾಯಿ ನಡೆಸಬೇಕು. ಕೀವಿಟ್‌ಗೆ ಕಾಯಿ ನಡೆಸುತ್ತಿದ್ದವರು ರೀನುಸ್ ಅವರ ಹೆಂಡತಿ ಗ್ರೇಟ್. ಕೊನೆಯ ಸುತ್ತು, ಕೀವಿಟ್ ಗೆಲ್ಲುತ್ತಿತ್ತು. ಗೆದ್ದೆವೆಂದು ಅಮ್ಮನಿಗೆ ಫೋನ್ ಮಾಡಲು ರೀನುಸ್ ಹೊರಗೆ ಹೋದರು. ವಾಪಸು ಬರುವಷ್ಟರಲ್ಲಿ ಹಾಲೆಲ್ಲ ನಗುತ್ತಿತ್ತು. ನಲವತ್ತೊಂದನೆಯ ನಡೆಯಲ್ಲಿ ಕೀವಿಟ್‌ನ ಆನೆ ಸುಮ್ಮನೆ ಮೂಲೆಗೆ ಹೋಗಿ ಕೂತಿತ್ತು. ಎದುರಾಳಿ ಮರುನಡೆಯಲ್ಲೇ ರಾಜನಿಗೆ ಶಹಮಾತು ಕೊಟ್ಟಿತ್ತು.

"ನನ್ನ ಕೀವಿಟ್ ಅಂಥ ನಡೆ ಆಡಲ್ಲ. ಇವಳು ಪರದೆ ತೋರಿಸಿದ ಮನೆ ಬಿಟ್ಟು ಪಕ್ಕದ ಮನೆ ಓದಿದ್ಲು," ಎಂದರು ರೀನುಸ್. ಯಂತ್ರ ಅಷ್ಟರಲ್ಲಿ ಆರಿತ್ತು, ಪರದೆ ನೋಡಿದವರು ಬೇರೆ ಯಾರೂ ಇರಲಿಲ್ಲ. ಕೀವಿಟ್ ಇದ್ದ ಡಿಸ್ಕಿನ ಮೇಲೆ ಮುಂದೆ ಅವರೇ ಮಕ್ಕಳ ಅಂಕಪಟ್ಟಿ ಬರೆದುಬಿಟ್ಟರು. ಅಲ್ಲಿಂದ ಈಚೆಗೆ ಮನೆಯ ಪ್ರತಿ ಹುಟ್ಟುಹಬ್ಬದಲ್ಲಿ, ಎಲ್ಲರೂ ಕುರ್ಚಿ ಹಾಕಿಕೊಂಡು ಸುತ್ತ ಕೂತಾಗ, ಗ್ರೇಟ್ ತಪ್ಪು ಮನೆ ಓದಿದ ಕಥೆ ಕೇಕಿನ ಜೊತೆಗೇ ಬರುತ್ತಿತ್ತು.

ಎರಡು ವರ್ಷದ ಹಿಂದೆ ಅವರ ಮನೆಯ ಅಟ್ಟದಲ್ಲಿ ಕ್ರಿಸ್‌ಮಸ್ ಅಲಂಕಾರದ ಡಬ್ಬಿಗಳ ಕೆಳಗೆ ಕೋಡ್ ಸಿಕ್ಕಿತು: ನೂರಾಹದಿನೆಂಟು ಹಾಳೆ. ವೊಬ್ಬೆ ಉತ್ಸಾಹದಿಂದ ತಾವೇ ಟೈಪ್ ಮಾಡಿ, ಪಂದ್ಯಾವಳಿಯ ವರದಿಯಲ್ಲಿದ್ದ ಆ ಆಟವನ್ನೇ ಆಡಿಸಿದರು. ನಲವತ್ತೊಂದನೆಯ ನಡೆಯಲ್ಲಿ ಆನೆ ಮೂಲೆಗೆ ಹೋಗಲಿಲ್ಲ! ತಪ್ಪು ಗ್ರೇಟ್‌ರದೇ ಎಂದು ರೀನುಸ್ ಊರಿಗೆಲ್ಲ ಹೇಳಿಕೊಂಡು ಬಂದರು. ವಾರ ಕಳೆದ ಮೇಲೆ ಗ್ರೇಟ್ ಸೈಕಲ್ ಮೇಲೆ ಬಂದು ಫೆನ್ನಾ ಮುಂದೆ ಒಂದು ಹಳದಿ ಹಾಳೆ ಇಟ್ಟರು. ಅಂದಿನ ಆಟದ ಹಾಳೆ. ಪ್ರತಿ ನಡೆಯ ಪಕ್ಕದಲ್ಲಿ ಪರದೆ ತೋರಿಸಿದ ಅಂಕವನ್ನು, ಅಂದರೆ ತಾನೆಷ್ಟು ಮುಂದಿದ್ದೇನೆಂಬ ಯಂತ್ರದ್ದೇ ಲೆಕ್ಕವನ್ನು, ಅವರು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು.

"ನಾನು ಓದೋದ್ರಲ್ಲಿ ತಪ್ಪಿದ್ರೆ ತಪ್ಪು ಅಂತ ಹೇಳಿಬಿಡು ಫೆನ್ನಾ. ಸುಳ್ಳು ಸಮಾಧಾನ ಬೇಡ," ಎಂದರಂತೆ.

ಫೆನ್ನಾ ಹೋಲಿಸಿದರು. ವೊಬ್ಬೆಯ ಕೀವಿಟ್ ಒಂಬತ್ತನೆಯ ನಡೆಯಲ್ಲೇ ಬೇರೆ ಅಂಕ ತೋರಿಸಿತು. ವಿಚಾರಿಸಿದಾಗ ಗೊತ್ತಾಯಿತು: ಟೈಪ್ ಮಾಡುತ್ತ ಮಾಡುತ್ತ ಅವರು ಹದಿನೇಳು ಕಡೆ "ಸಣ್ಣಪುಟ್ಟದ್ದು" ಸರಿ ಮಾಡಿದ್ದರು.

"ನಿನ್ನ ಬುದ್ಧಿವಂತಿಕೆ ಮನೇಲಿಟ್ಟು ಬಾ ಅಂತ ಎಷ್ಟ್ ಸಲ ಹೇಳ್ಬೇಕೋ?"

"ಕಣ್ಮುಂದೆ ತಪ್ಪು ಕಂಡ್ರೆ ಕೈ ಕಟ್ಕೊಂಡು ಕೂರಕ್ಕಾಗುತ್ತಾ ಅಕ್ಕಾ?"

"ಕಟ್ಕೊಂಡು ಕೂತ್ಕೋ. ಕಾಫಿ ಮಾಡು ಹೋಗು."

ಫೆನ್ನಾ ಒಂದನೆಯ ಹಾಳೆಯಿಂದ ಶುರುಮಾಡಿದರು. ಮೋಡದ ದಿನಗಳನ್ನೂ ಚಳಿಗಾಲವನ್ನೂ ಕಳೆದು ನೂರೈವತ್ತೆಂಟು ಬೆಳಗು ಬೇಕಾದವು. ಎಂಬತ್ತಮೂರನೆಯ ಹಾಳೆಯಲ್ಲಿ ಮಾತ್ರ ಸಿಕ್ಕಿಬಿದ್ದರು. ಅಲ್ಲಿ ಯಾರೋ ಬಟ್ಟಲು ಇಟ್ಟ ಉಂಗುರದ ಕಲೆ. ಕಾಗದ ನೆನೆದು ಉಬ್ಬಿ ಗುಳಿಗಳೇ ಅಳಿಸಿದ್ದವು. ಒಂಟೆ ಎಂಬ ಕಾಯಿಯ ಬೆಲೆ ಎಷ್ಟೆಂದು ಯಂತ್ರಕ್ಕೆ ಹೇಳುವ ಸಂಖ್ಯೆ ಅದು: ಮೊದಲ ಅಂಕಿ ಮೂರು, ಕೊನೆಯದು ಐದು, ನಡುವಿನದು ಇಲ್ಲ.

"ಮುನ್ನೂರ ಇಪ್ಪತ್ತೈದು," ಎಂದರು ರೀನುಸ್ ತಕ್ಷಣ. ಮರುವಾರ "ಮುನ್ನೂರ ಐವತ್ತೈದು" ಎಂದರು. ಫೆನ್ನಾ ಎರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತೂ ಅಂಕಿ ಹಾಕಿ ಹತ್ತು ಕೀವಿಟ್ ಮಾಡಿದರು. ಪ್ರತಿಯೊಂದಕ್ಕೂ ಆಲ್ಮೆಲೋದ ಆಟವನ್ನು ಮೊದಲಿಂದ ಆಡಿಸಿ ಗ್ರೇಟ್ ಬರೆದ ಅಂಕಗಳೊಂದಿಗೆ ಹೋಲಿಸಿದರು. ಆ ಹಳದಿ ಹಾಳೆಯ ನಲವತ್ತೊಂದನೆಯ ಸಾಲಿನ ಮೇಲೆ ರಟ್ಟಿನ ತುಂಡು ಅಂಟಿಸಿದ್ದರು, ನಲವತ್ತಕ್ಕೇ ಯಂತ್ರ ನಿಲ್ಲಿಸುತ್ತಿದ್ದರು. "ಕೊನೇಲಿ ಏನಾಗುತ್ತೆ ಅಂತ ಗೊತ್ತಾದ್ರೆ ನನಗೂ ಆಸೆ ಹುಟ್ಟುತ್ತೆ. ಗ್ರೇಟ್ ನನ್ನ ಸ್ನೇಹಿತೆ ಅಲ್ವಾ?" ಹನ್ನೆರಡನೆಯ ನಡೆಯೊಳಗೆ ಎಂಟು ಕೀವಿಟ್‌ಗಳು ಅಂಕ ತಾಳೆಯಾಗದೆ ಬಿದ್ದವು. ಒಂಬತ್ತನೆಯದು ಇಪ್ಪತ್ತೆಂಟರಲ್ಲಿ ಬಿತ್ತು. ಮುನ್ನೂರ ಮೂವತ್ತೈದು ಎಂಬ ಸಂಖ್ಯೆಯದು ಮಾತ್ರ ನಲವತ್ತೂ ನಡೆಗೆ ಚುಕ್ಕೆ ತಪ್ಪದೆ ಅದೇ ಅಂಕ ತೋರಿಸಿತು.

ಶನಿವಾರ ಹತ್ತು ಗಂಟೆ. ಕಾಫಿ ಬಂದಿದೆ, ತಲಾ ಒಂದು ಬಿಸ್ಕತ್ತು ಕೊಟ್ಟು ವೊಬ್ಬೆ ಡಬ್ಬಿ ಮುಚ್ಚಿದ್ದಾರೆ. ರೀನುಸ್ ದಂಪತಿ ಒಂದೇ ಸಾಲಿನಲ್ಲಿ ಕೂತಿದ್ದಾರೆ, ನಡುವೆ ಒಂದು ಖಾಲಿ ಕುರ್ಚಿ. ಹಳೆಯ ಯಂತ್ರದ ವೇಗದಲ್ಲೇ ಕೀವಿಟ್ ನಲವತ್ತೊಂದನೆಯ ನಡೆ ಯೋಚಿಸುತ್ತದೆ. ಒಂದು ನಿಮಿಷ. ಎರಡು.

"ಈಗ್ಲೂ ಹೇಳ್ತೀನಿ, ನನ್ನ ಕೀವಿಟ್ ಹಾಗೆ ಮಾಡಲ್ಲ," ರೀನುಸ್ ಗೊಣಗುತ್ತಾರೆ.

"ಬಾಯ್ಮುಚ್ಕೊಂಡು ನೋಡೋ," ಎನ್ನುತ್ತಾರೆ ಗ್ರೇಟ್.

ಮೂರು ನಿಮಿಷ ಹನ್ನೆರಡು ಸೆಕೆಂಡ್. ಪರದೆಯಲ್ಲಿ ನಡೆ ಮೂಡುತ್ತದೆ. ಫೆನ್ನಾ ರಟ್ಟನ್ನು ಕಿತ್ತು ಹಳದಿ ಹಾಳೆ ಎತ್ತಿ ಹಿಡಿಯುತ್ತಾರೆ. ಆನೆ ಮೂಲೆಗೆ! ಅದೇ ಮನೆ, ಪಕ್ಕದಲ್ಲಿ ಪೆನ್ಸಿಲಿನ ಅದೇ ಅಂಕ!

ವೊಬ್ಬೆ ಕುರ್ಚಿ ಉರುಳಿಸಿ ಎದ್ದು ಕೂಗುತ್ತಾರೆ. ಯಂತ್ರವೊಂದು ಇಷ್ಟು ದಡ್ಡ ನಡೆ ಆಡಿದ್ದಕ್ಕೆ ಜನ ಇಷ್ಟು ಕುಣಿದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ರೀನುಸ್ ಪರದೆಯನ್ನೇ ನೋಡುತ್ತ, "ಅಯ್ಯೋ ಪೆದ್ದು ಮುಂಡೇದೇ," ಎನ್ನುತ್ತಾರೆ. ಆಮೇಲೆ ಎದ್ದು ನಡುವಿನ ಖಾಲಿ ಕುರ್ಚಿಗೆ ಬಂದು ಕೂರುತ್ತಾರೆ. "ತಪ್ಪಾಯ್ತು ಕಣೆ, ಗ್ರೇಟ್."

"ನಲವತ್ತು ವರ್ಷ. ವರ್ಷಕ್ಕೆ ನಿಂದೊಂದು ನಂದೊಂದು, ಎಂಬತ್ತು ಹುಟ್ಟುಹಬ್ಬ ಕಣೋ," ಕಣ್ಣೊರೆಸಿಕೊಳ್ಳುತ್ತಲೇ ಗ್ರೇಟ್ ನಗುತ್ತಾರೆ. "ಇನ್ಮೇಲೆ ಕಥೆ ನಾನ್ ಹೇಳ್ತೀನಿ. ನೀನು ಕೇಕ್ ಕತ್ತರಿಸು."

ಹೊರಡುವ ಮುಂಚೆ ರೀನುಸ್ ಮೆಲ್ಲಗೆ ಫೆನ್ನಾ ಹತ್ತಿರ ಬರುತ್ತಾರೆ. "ಈಗ ಗೊತ್ತಾಯ್ತಲ್ಲ. ಆ ಒಂದು ನಡೆ ಸರಿ ಮಾಡಿಕೊಡ್ಲಾ? ನಂದೇ ಪ್ರೋಗ್ರಾಂ ತಾನೇ?"

"ನಿಮ್ಮನೇಲಿ ನಿಮ್ಮ ಪ್ರತಿ ಇಟ್ಕೊಂಡು ಏನ್ ಬೇಕಾದ್ರೂ ಮಾಡ್ಕೊಳ್ಳಿ ಮೇಷ್ಟ್ರೇ. ಇಲ್ಲಿರೋದು ಹೀಗೇ ಇರುತ್ತೆ."

ಏನಾದರೂ ಆಸೆ ಇದೆಯೇ ಎಂದು ನಾನು ಕೇಳಿದ್ದಕ್ಕೆ ಫೆನ್ನಾ ಕೋಣೆಯ ಮೂಲೆಯತ್ತ ಕೈ ತೋರಿಸುತ್ತಾರೆ. ಇನ್ನೂ ಎರಡು ಪೆಟ್ಟಿಗೆ ಕಾಗದ ಬಾಕಿ ಇದೆ. ಪುರಸಭೆಯವರು ಸೆಪ್ಟೆಂಬರ್‌ವರೆಗೆ ಈ ಕೋಣೆಯನ್ನು ಯಾರಿಗೂ ಕೊಡದಿದ್ದರೆ ಸಾಕಂತೆ. "ಪಶ್ಚಿಮದ ಕೋಣೆ ಕೊಡ್ತೀವಿ ಅಂದ್ರು. ಪಾಪ, ಒಳ್ಳೆಯವರು. ಆದ್ರೆ ನನಗೆ ಬೆಳಗಿನ ಬಿಸಿಲೇ ಬೇಕು."

ಇನ್ನು ನನಗೆ ಗೊತ್ತಿಲ್ಲದ ಮಾತು. ಕೀವಿಟ್ ಆ ನಡೆಯನ್ನು ಯಾಕೆ ಆಡಿತು? ರೀನುಸ್ ಮೂರು ವಾರದಿಂದ ತಮ್ಮದೇ ಕೋಡನ್ನು ಓದುತ್ತಿದ್ದಾರೆ, ವೊಬ್ಬೆಯೂ ಓದುತ್ತಿದ್ದಾರೆ. ನೂರಾಹದಿನೆಂಟು ಹಾಳೆಯಲ್ಲಿ ಆನೆಯನ್ನು ಮೂಲೆಗೆ ಕಳಿಸಿದ ಸಾಲು ಯಾವುದೆಂದು ಇಬ್ಬರಿಗೂ ಸಿಕ್ಕಿಲ್ಲ. ಫೆನ್ನಾ ಅದನ್ನು ಎರಡು ಸಲ ಟೈಪ್ ಮಾಡಿದ್ದಾರೆ, ಒಮ್ಮೆ ಮೇಲಿಂದ, ಒಮ್ಮೆ ಕೆಳಗಿಂದ. ಯಾವುದೆಂದು ಅವರಿಗೂ ಗೊತ್ತಿಲ್ಲ.