ಕಡೀ ದೆವ್ವದ ಹೆಸರು ಫಕೀರಪ್ಪ

ಹದಿನೇಳು ವರ್ಷ ಫಕೀರಪ್ಪ ಹೊಸಮನಿ ಜನರನ್ನು ಹೆದರಿಸಿ ಹೊಟ್ಟೆ ಹೊರೆದ.

ಹುಬ್ಬಳ್ಳಿ ಬೈಪಾಸಿನ ಪಕ್ಕ ಖುಷಿವನ ಎಂಬ ಪಾರ್ಕಿದೆ. ಅಲ್ಲಿ ನೀರಿನ ಜಾರುಬಂಡೆಗಳ ಆಚೆ ಒಂದು ದೊಡ್ಡ ತಗಡಿನ ಶೆಡ್ಡಿತ್ತು. ಅದರ ಹೆಸರು ದೆವ್ವದ ಸಂತಿ. ಎಂಟು ಜನ ಕೂರುವ ಪುಟ್ಟ ರೈಲು ಕತ್ತಲೊಳಗೆ ನುಗ್ಗಿ, ದೆವ್ವಗಳ ಸಂತೆಯನ್ನು ಸುತ್ತಿಕೊಂಡು ಆರು ನಿಮಿಷದಲ್ಲಿ ಹೊರಗೆ ಬರುತ್ತಿತ್ತು. ತಲೆಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಉಳ್ಳಾಗಡ್ಡಿ ವ್ಯಾಪಾರಿ, ತನ್ನ ತಲೆಯನ್ನೇ ತೊಡೆಯ ಮೇಲಿಟ್ಟುಕೊಂಡು ಬೋಳಿಸುವ ಕ್ಷೌರಿಕ, ಕುದಿಯುವ ಎಣ್ಣೆಯಲ್ಲಿ ಬರಿಗೈ ಹಾಕಿ ಮಿರ್ಚಿ ತೆಗೆಯುವ ಮುದುಕಿ, ಎಲ್ಲವೂ ಗೊಂಬೆಗಳು. ಕೊನೆಯ ತಿರುವಿನಲ್ಲಿ, ಆಲದ ಮರದ ಬಿಳಲುಗಳ ಹಿಂದೆ ಮಾತ್ರ ಜೀವವಿರುವ ಮನುಷ್ಯನೊಬ್ಬ ನಿಂತಿರುತ್ತಿದ್ದ. ಕೊನೆಗೆ ಬರುವ ಅವನನ್ನು ಜನ ‘ಕಡೀ ದೆವ್ವ’ ಎನ್ನುತ್ತಿದ್ದರು. ಮೈತುಂಬ ಬೂದಿ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ. ರೈಲು ಅಲ್ಲಿ ನಿಧಾನವಾದಾಗ ಬಿಳಲು ಸರಿಸಿ, ಎರಡೂ ಕೈ ಚಾಚಿ ಕೂಗುತ್ತಿದ್ದ: “ನನ್ನೂ ಮನಿಗೆ ಕರ್ಕೊಂಡು ಹೋಗ್ರೀ…!”

ಮಕ್ಕಳು ಅಪ್ಪಂದಿರ ಅಂಗಿಯೊಳಗೆ ಮುಖ ಹುದುಗಿಸುತ್ತಿದ್ದವು. ಹೊರಗೆ ಬಂದ ಮೇಲೆ ಅವೇ ಮಕ್ಕಳು ಇನ್ನೊಂದು ಸುತ್ತು ಬೇಕೆಂದು ಹಟ ಹಿಡಿಯುತ್ತಿದ್ದವು.

ಕೂಗುವ ಆ ಮಾತು ಫಕೀರಪ್ಪನದೇ. ಕುಂದಗೋಳದ ಕಡೆಯ ತನ್ನ ಹಳ್ಳಿಯಲ್ಲಿ ಹರೆಯದಲ್ಲಿ ದೊಡ್ಡಾಟದ ರಾಕ್ಷಸನ ಪಾತ್ರ ಮಾಡಿದವನು ಅವನು. ಪಾರ್ಕಿನವರು ಕೊಟ್ಟಿದ್ದು ಬರೀ ‘ಹಹಹಾ’ ಎಂಬ ನಗು. ಮೊದಲ ವಾರವೇ ಅವನಿಗೆ ಅದು ಬೇಸರವಾಯಿತು. ಮನೆಗೆ ಹೋಗುವ ದಾರಿ ಮರೆತ ದೆವ್ವ ಏನು ಕೇಳೀತು ಎಂದು ಯೋಚಿಸಿ ಈ ಮಾತು ಹುಟ್ಟಿಸಿದ್ದ. ಆಗಿನ ಮ್ಯಾನೇಜರಿಗೆ ಅದು ಹಿಡಿಸಿತು. ಆದರೆ ಅವನೊಂದು ಕರಾರು ಹಾಕಿದ: ದೆವ್ವದ ಮುಖ ಯಾರಿಗೂ ಕಾಣಬಾರದು. ಗೇಟು ತೆರೆಯುವ ಮೊದಲು ಹಿಂದಿನ ಬಾಗಿಲಿಂದ ಬರಬೇಕು, ಜನ ಹೋದ ಮೇಲೆ ಹೊರಡಬೇಕು, ಹೊರಗೆ ಎಲ್ಲೂ ಹೇಳಿಕೊಳ್ಳಬಾರದು. ಫಕೀರಪ್ಪ ಕಾಗದಕ್ಕೆ ಸಹಿ ಮಾಡಿದ್ದ. ಮಾತು ಮುರಿಯಲಿಲ್ಲ. ಗೋಪನಕೊಪ್ಪದ ಅವನ ಓಣಿಯವರಿಗೆ ಅವನು ‘ಪಾರ್ಕಿನ್ಯಾಗ ಕಸ ಹೊಡ್ಯಾವ’. ಕೊರಳಲ್ಲಿ ತೂಗುವ ಗುರುತಿನ ಚೀಟಿಯಲ್ಲೂ ‘ಹೌಸ್‌ಕೀಪಿಂಗ್’ ಎಂದೇ ಇತ್ತು. ಆಫೀಸಿನವರನ್ನು ಬಿಟ್ಟರೆ ನಿಜ ಗೊತ್ತಿದ್ದವರು ಇಬ್ಬರು: ಹೆಂಡತಿ ದಾನವ್ವ, ಮತ್ತು ಗೊಂಬೆಗಳ ಮೋಟಾರು ನೋಡಿಕೊಳ್ಳುತ್ತಿದ್ದ ಅಮೀನಸಾಬ.

ಕಳೆದ ಮಾರ್ಚಿನ ಒಂದು ಬೆಳಿಗ್ಗೆ ಈಗಿನ ಮ್ಯಾನೇಜರ್ ಶಶಿಕುಮಾರ ಫಕೀರಪ್ಪ, ಅಮೀನಸಾಬ ಇಬ್ಬರನ್ನೂ ಆಫೀಸಿಗೆ ಕರೆಸಿದ. ಮೇಜಿನ ಮೇಲೆ ಬಣ್ಣದ ಚಿತ್ರಗಳು ಹರಡಿದ್ದವು. ಕಬ್ಬಿಣದ ಕೈಯ ಖಳನಾಯಕ, ಮಾತಾಡುವ ಚಿರತೆ, ಮುಖವಾಡ ತೊಟ್ಟ ಬೇಟೆಗಾರ. ಹಿಂದಿನ ವರ್ಷ ತಿಂಗಳುಗಟ್ಟಲೆ ಓಡಿದ ಒಂದು ಸಿನಿಮಾದ ಪಾತ್ರಗಳವು.

“ಮಾಲಕರು ಆ ಸಿನಿಮಾದವರ ಜೋಡಿ ಮಾತಾಡ್ಯಾರ. ದೆವ್ವದ ಸಂತಿ ತೆಗದು ಅಲ್ಲೆ ಇವರ ಉಕ್ಕಿನ ಕೋಟೆ ಮಾಡೂದೈತಿ. ಈ ತಿಂಗಳ ಹದಿನಾರಕ್ಕ ಬಂದ್,” ಎಂದ ಶಶಿಕುಮಾರ.

ಹದಿನಾರಕ್ಕೆ ಇನ್ನು ಹತ್ತೇ ದಿನ ಇತ್ತು.

“ಸರ್, ಅದರಾಗ ನಾನೂ ಯಾವುದಾರ ಒಂದು ಪಾತ್ರ…”

“ಎಲ್ಲಾ ಮಿಷನ್ ಅದಾವ, ಫಕೀರಣ್ಣ. ಕಂಪ್ಯೂಟರ್ ಹೇಳಿದಂಗ ಕುಣೀತಾವ. ಅಮೀನಸಾಬರು ಇರ್ತಾರ, ಅವರಿಗೆ ಟ್ರೇನಿಂಗ್ ಐತಿ. ನಿಮಗ…” ಶಶಿಕುಮಾರ ಚಿತ್ರಗಳನ್ನು ಸರಿಯಾಗಿ ಜೋಡಿಸತೊಡಗಿದ. “ನೋಡೂಣಂತ.”

ಆ ‘ನೋಡೂಣ’ದ ಅರ್ಥ ಐವತ್ಮೂರು ವರ್ಷದ ಫಕೀರಪ್ಪನಿಗೆ ತಿಳಿಯಿತು. ಆಲದ ಮರದ ಹಿಂದೆ ಹೋಗಿ ನಿಂತ. ಅವತ್ತಿನ ಮೊದಲ ರೈಲು ಬಂದಾಗ ಕೂಗುವುದೇ ಮರೆತುಹೋಯಿತು. ರೈಲು ಸುಮ್ಮನೆ ದಾಟಿತು.

ಸುದ್ದಿ ಊರಿಗೆ ತಿಳಿದ ಎರಡು ದಿನಕ್ಕೆ ಫೋನು ಹಿಡಿದುಕೊಂಡು ಓಡಿ ಬಂದವಳು ದಾನವ್ವ. ಅವಳು ವಿದ್ಯಾನಗರದ ಹುಡುಗಿಯರ ಹಾಸ್ಟೆಲ್ಲೊಂದರಲ್ಲಿ ಅಡಿಗೆ ಮಾಡುತ್ತಿದ್ದಳು. ಅಲ್ಲಿನ ಹುಡುಗಿಯರು ಅವಳಿಗೆ ತೋರಿಸಿದ್ದರು. ‘ದೆವ್ವದ ಸಂತಿ ಉಳಿಸ್ರಿ’ ಎಂಬ ಒಂದು ಪುಟ, ಎರಡೇ ದಿನದಲ್ಲಿ ಹನ್ನೆರಡು ಸಾವಿರ ಮಂದಿ. ಅದನ್ನು ನಡೆಸುವವಳು ಮಾಳಮಡ್ಡಿಯ ಮಾಯಾ ಎಂಬಾಕೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿ ಮಾಡುವ ಇಪ್ಪತ್ತೇಳರ ಹೆಣ್ಣುಮಗಳು. ಹತ್ತು ವರ್ಷದವಳಿದ್ದಾಗ ಅವ್ವನ ಜೊತೆ ಮೊದಲ ಸಲ ಸಂತೆ ನೋಡಿದ್ದನ್ನು ಬರೆದಿದ್ದಳು. ‘ಕಡೀ ದೆವ್ವ ಅವತ್ತ ನನ್ನ ಜಡಿ ಮುಟ್ಟಿತ್ತು. ನಾಲ್ಕು ದಿನ ನಾನು ತಲಿ ಬಾಚಿಸಿಕೊಳ್ಳಲಿಲ್ಲ.’

“ಮುಟ್ಟಿದ್ರ್ಯಾ?” ಎಂದು ಕೇಳಿದಳು ದಾನವ್ವ.

“ಮುಟ್ಟಬಾರದು ಅಂತ ಆರ್ಡರಿತ್ತು,” ಎಂದ ಫಕೀರಪ್ಪ. ಆಮೇಲೆ, “ಬಿಳಲು ಬಡದಿರಬೇಕು,” ಎಂದ.

ಅವತ್ತಿನಿಂದ ಸಂಜೆ ಮನೆಗೆ ಬಂದೊಡನೆ ಅವನು ಫೋನು ಹಿಡಿದು ಕೂರತೊಡಗಿದ. ಏಳನೇ ಇಯತ್ತೆವರೆಗೆ ಓದಿದ್ದ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಎಲ್ಲವನ್ನೂ ಓದಿದ. ‘ನಮ್ಮ ಸಣ್ಣಂದಿನ ನೆನಪು ಕೆಡವಬ್ಯಾಡ್ರಿ.’ ‘ಎಷ್ಟು ದಿನ ಅವೇ ಹಳೇ ಗೊಂಬಿ, ಧೂಳಿನ ವಾಸನಿ, ತಗೀರಿ ಅತ್ಲಾಗ.’ ‘ಚಿರತಿ ಬಂದ್ರ ನಾನು ವಾರಾ ವಾರಾ ಬರಾಂವ.’ ‘ಸಿನಿಮಾ ಥೇಟರಿನ್ಯಾಗ ನೋಡ್ರಿ, ಸಂತಿ ನಮಗ ಬಿಡ್ರಿ.’ ಸಿನಿಮಾದ ಅಭಿಮಾನಿಗಳು ಬೈದರೆ ಸಂತೆಯ ಅಭಿಮಾನಿಗಳು ಎರಡು ಪಟ್ಟು ಬೈಯುತ್ತಿದ್ದರು. ತನಗಾಗಿ ಇಷ್ಟು ಜನ ಜಗಳಾಡುತ್ತಿದ್ದಾರೆ ಎಂದು ಫಕೀರಪ್ಪನ ಎದೆ ಉಬ್ಬಿತು.

ನಾಲ್ಕನೆಯ ದಿನ ಬೇರೊಂದು ವಾದ ಶುರುವಾಯಿತು. ಕಡೀ ದೆವ್ವ ಮನುಷ್ಯನೋ ಯಂತ್ರವೋ? ಯಂತ್ರವೇ, ಜಪಾನಿನಿಂದ ತರಿಸಿದ್ದು ಎಂದ ಒಬ್ಬ. ಮನುಷ್ಯನಿದ್ದ, 2015ರಲ್ಲಿ ತೀರಿಕೊಂಡ, ಈಗ ಕೇಳುವುದು ಅವನ ರೆಕಾರ್ಡಿಂಗು ಎಂದು ಇನ್ನೊಬ್ಬ ಬರೆದ. ಆ ಮಾತಿಗೆ ನೂರಾರು ಜನ ಕೈಮುಗಿದ ಚಿತ್ರ ಹಾಕಿದ್ದರು. ‘ಓಂ ಶಾಂತಿ’ ಎಂದು ಬರೆದಿದ್ದರು. ‘ಎಂಥಾ ಕಲಾವಿದ’ ಎಂದು ಬರೆದಿದ್ದರು.

ಫಕೀರಪ್ಪ ಅದನ್ನು ಮೂರು ಸಲ ಓದಿದ. ಆಮೇಲೆ ಬರೆದ: ‘ಆ ದೆವ್ವ ನಾನರಿ. ಸತ್ತಿಲ್ಲರಿ.’

ಕ್ಷಣದಲ್ಲಿ ಉತ್ತರಗಳು ಬಂದವು. ‘ಇವತ್ತಿನ ಮೂವತ್ತನೇ ದೆವ್ವ!’ ‘ಪಾಳಿಗೆ ನಿಂದರ್ರಿ ಅಜ್ಜಾರ.’ ‘ಕಾಕಾ, ಬೂದಿ ತೊಳಕೊಂಡು ಮಲಗ್ರಿ.’ ನಗುವ ಮುಖಗಳು ಸಾಲುಗಟ್ಟಿದವು. ದಾನವ್ವ ಅವನ ಕೈಯಿಂದ ಫೋನು ಕಿತ್ತುಕೊಂಡಳು.

“ಕಾಗದಕ್ಕ ಸಹಿ ಮಾಡಿದ್ದು ಹಾಳಾಗಿ ಹೋಗ್ಲಿ,” ಎಂದಳು. “ಮಂಗಳವಾರ ಆ ಮಾಯಾ ಎಲ್ಲಾರನ್ನೂ ಗ್ಲಾಸ್ ಹೌಸಿಗೆ ಕರದಾಳಂತ. ಪಾರ್ಕಿಗೂ ಸೂಟಿ. ಹೋಗ್ರಿ. ಎದುರಿಗೆ ನಿಂತು ಹೇಳ್ರಿ.”

ಮಂಗಳವಾರ ಹನ್ನೊಂದು ಗಂಟೆಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಇಂದಿರಾ ಗಾಜಿನಮನೆಯ ತೋಟಕ್ಕೆ ಹೋದ. ಹನ್ನೆರಡು ಸಾವಿರದಲ್ಲಿ ಬಂದಿದ್ದವರು ನಲವತ್ತು ಮಂದಿ. ಕೆಲವರ ಟೀಶರ್ಟಿನ ಮೇಲೆ ಗೋಣಿಚೀಲದ ಕೊಪ್ಪೆ ಹೊದ್ದ ಆಕೃತಿ, ಅದರ ಕೆಳಗೆ ಅವನ ಮಾತು. ತನ್ನ ಮಾತನ್ನು ಮತ್ತೊಬ್ಬರ ಹೊಟ್ಟೆಯ ಮೇಲೆ ಓದುತ್ತ ಅವನು ಸ್ವಲ್ಪ ಹೊತ್ತು ಹಾಗೇ ನಿಂತ. ಆಮೇಲೆ ನಡುವೆ ನಿಂತು ಮಾತಾಡುತ್ತಿದ್ದ ಮಾಯಾಳ ಹತ್ತಿರ ಹೋದ.

“ತಂಗೀ, ಆ ಕಡೀ ದೆವ್ವ ನಾನವಾ. ಹದಿನೇಳು ವರ್ಷ ಆತು.”

ಮಾಯಾ ನಗಲಿಲ್ಲ. ಅವಳು ಒಳ್ಳೆಯವಳು. “ಕಾಕಾರ, ಭಾಳ ಮಂದಿ ಹಂಗ ಹೇಳಾಕತ್ತಾರ್ರಿ. ಏನರ ಗುರುತು ಐತೇನ್ರಿ?”

ಅವನು ಗುರುತಿನ ಚೀಟಿ ತೋರಿಸಿದ. ಅವಳು ‘ಹೌಸ್‌ಕೀಪಿಂಗ್’ ಎಂಬುದನ್ನು ಓದಿ ಮೆಲ್ಲಗೆ ಚೀಟಿ ಮರಳಿಸಿದಳು.

“ಒಮ್ಮೆ ಕೂಗಿ ತೋರಸ್ಲಿ?” ಎಂದ ಫಕೀರಪ್ಪ.

ಜನ ಸುತ್ತ ಸೇರಿದರು. ಫೋನುಗಳು ಮೇಲೆದ್ದವು. ಸುಡು ಬಿಸಿಲು, ಪಕ್ಕದ ರಸ್ತೆಯಲ್ಲಿ ಬಸ್ಸುಗಳ ಹಾರ್ನು. ಅವನು ಕಣ್ಣು ಮುಚ್ಚಿ ಕೈ ಚಾಚಿ ಕೂಗಿದ. ದನಿ ತೋಟದ ಬಯಲಿನಲ್ಲಿ ತೆಳ್ಳಗಾಗಿ ಹರಡಿ ಹೋಯಿತು. ಹದಿನೇಳು ವರ್ಷ ಆ ಕೂಗಿಗೆ ತಗಡಿನ ಶೆಡ್ಡು ಅರ್ಧ ಬಲ ಕೊಟ್ಟಿತ್ತೆಂಬುದು ಅವನಿಗೆ ಆಗಲೇ ಹೊಳೆದದ್ದು. ಮೇಲಾಗಿ ವಾರದಿಂದ ಗಂಟಲು ಕಟ್ಟಿತ್ತು. ಕೊನೆಯ ಅಕ್ಷರ ಒಡೆದು ಕೆಮ್ಮಾಯಿತು.

ಇಬ್ಬರು ಮೂವರು ಚಪ್ಪಾಳೆ ತಟ್ಟಿದರು. ಮಾಯಾ ಅವನಿಗೆ ನೀರಿನ ಬಾಟಲಿ ಕೊಟ್ಟಳು.

“ಛಲೋ ಮಾಡಿದ್ರಿ, ಕಾಕಾ. ಆದ್ರ ಅದು ಹಂಗಲ್ರಿ. ಅವನ ದನಿ ಹೊಟ್ಟ್ಯಾಗಿಂದ ಬರತೈತಿ.” ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಅವಳು ಹೇಗೆಂದು ತೋರಿಸಿದಳು. ಜನ ಕೇಕೆ ಹಾಕಿದರು. ಅವಳ ಕೂಗು ನಿಜವಾಗಿಯೂ ಚೆನ್ನಾಗಿತ್ತು.

ಅಲ್ಲಿಂದ ಅವನು ನೇರ ಅಮೀನಸಾಬನ ಮನೆಗೆ ನಡೆದ. ನೀನೊಂದು ಮಾತು ಹೇಳು, ನೀನು ಹೇಳಿದರೆ ನಂಬುತ್ತಾರೆ ಎಂದು ಕೈ ಹಿಡಿದುಕೊಂಡ. ಅಮೀನಸಾಬ ಬಾಗಿಲಲ್ಲೇ ನಿಂತಿದ್ದ. ಒಳಗೆ ಕರೆಯಲಿಲ್ಲ.

“ಬಾಯಿ ಬಿಚ್ಚಬ್ಯಾಡ ಅಂದಾರಪಾ. ಹೊಸಾ ಮಿಷನ್ನಿಗೆ ನಾ ಒಬ್ಬಾವನ ಉಳದೇನಿ. ನನ್ನ ನೌಕ್ರಿ ಕಳೀಬ್ಯಾಡ, ಫಕೀರಾ.” ಅವನ ಕಣ್ಣಲ್ಲಿ ನೀರಿತ್ತು. ಫಕೀರಪ್ಪ ಕೈ ಬಿಟ್ಟ.

ಉಳಿದ ದಿನಗಳಲ್ಲಿ ಪಾರ್ಕಿಗೆ ಹಿಂದೆಂದೂ ಕಾಣದಷ್ಟು ಜನ ಬಂದರು. ಮುಚ್ಚುವುದರೊಳಗೆ ಒಂದು ಸಲ ನೋಡಬೇಕೆಂಬವರ ಸಾಲು ಪಾರ್ಕಿಂಗ್ ಜಾಗದವರೆಗೆ ಬೆಳೆಯಿತು. ವಿರೋಧ ಮಾಡುವವರೂ ಟಿಕೀಟು ತೆಗೆದುಕೊಂಡೇ ಒಳಗೆ ಬರುತ್ತಿದ್ದರು. ಶಶಿಕುಮಾರ ರೈಲನ್ನು ಬಿಡುವಿಲ್ಲದೆ ಓಡಿಸಿದ. ಫಕೀರಪ್ಪ ಊಟಕ್ಕೂ ಹೊರಗೆ ಬರಲಿಲ್ಲ. ಕಲ್ಲುಸಕ್ಕರೆ ಬಾಯಲ್ಲಿಟ್ಟುಕೊಂಡು ಕೂಗಿದ. ಗಂಟಲಿನಲ್ಲಿ ರಕ್ತದ ರುಚಿ ಬಂತು. ಆದರೂ ಕೂಗಿದ. ಮಾಲಕರು ಈ ಸಾಲು ನೋಡಿ ಮನಸ್ಸು ಬದಲಿಸಿಯಾರು ಎಂಬ ಆಸೆ ಅವನನ್ನು ಬಿಟ್ಟಿರಲಿಲ್ಲ. ಹದಿನಾರರ ಬೆಳಿಗ್ಗೆ ಗೋಡೆಯ ಹೊರಗೆ ಜೆಸಿಬಿ ಬಂದು ನಿಂತಿದ್ದನ್ನು ನೋಡಿದ ಮೇಲೆ ಅದೂ ಬಿಟ್ಟಿತು.

ಅವತ್ತು ಸಂಜೆ ಐದೂವರೆಗೆ ಕೊನೆಯ ರೈಲು. ಅದರಲ್ಲಿ ಮಾಯಾ ಮತ್ತು ಅವಳ ಗೆಳೆಯರು ಇದ್ದಾರೆಂದು ಮೊದಲ ತಿರುವಿನ ಕೇಕೆಯಲ್ಲೇ ತಿಳಿಯಿತು. ಫಕೀರಪ್ಪ ತಲೆಯ ಮೇಲಿನ ಕೊಪ್ಪೆ ತೆಗೆದ. ಟವೆಲಿನಿಂದ ಮುಖದ ಬೂದಿ ಒರೆಸಿಕೊಂಡ. ರೈಲು ನಿಧಾನವಾಯಿತು. ಅವನು ಬಿಳಲುಗಳನ್ನು ದಾಟಿ, ಅಮೀನಸಾಬ ಹಚ್ಚಿದ್ದ ಕೆಂಪು ದೀಪದ ಕೆಳಗೆ, ಹಳಿಯ ಪಕ್ಕಕ್ಕೇ ಬಂದು ನಿಂತ.

“ನಾನು ಫಕೀರಪ್ಪ!” ಎಂದ. “ಫಕೀರಪ್ಪ ಹೊಸಮನಿ! ನೋಡ್ರಿ ನನ್ನ!”

ಎಂಟೂ ಜನ ಕಿರುಚಿದರು. ಹಿಂದೆಂದಿಗಿಂತ ಜೋರಾಗಿ ಕಿರುಚಿದರು. ಮಾಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ರೈಲು ತಿರುಗಿ ಬೆಳಕಿಗೆ ಹೋಯಿತು. “ಏನಂದಾ? ಏನಂದಾ?” ಎಂದು ಯಾರೋ ಕೇಳುತ್ತ ನಗುವುದು ಕೇಳಿಸಿತು.

ರೈಲಿನಲ್ಲಿದ್ದ ಒಬ್ಬ ಫೋನಿನಲ್ಲಿ ತೆಗೆದ ಆ ವಿಡಿಯೋವನ್ನು ಲಕ್ಷಗಟ್ಟಲೆ ಜನ ನೋಡಿದರು. ಕೊನೆಯ ದಿನಕ್ಕೆಂದು ಡೈಲಾಗು ಬದಲಿಸಿದ್ದಾರೆ ಎಂದರು ಕೆಲವರು. ಯಂತ್ರ ಕೆಟ್ಟಿದೆ ಎಂದರು ಕೆಲವರು. ‘ಫಕೀರನಾಗಿ ಹೋದೆ’ ಅಂದನೆಂದು ಒಬ್ಬ ಅರ್ಥ ಹೇಳಿದ. ಎಲ್ಲರೂ ಅದನ್ನೇ ಒಪ್ಪಿಕೊಂಡರು.

ಒಪ್ಪದವಳು ಮಾಯಾ ಒಬ್ಬಳೇ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುವಾಗ ಆ ಮುಖ ಎಲ್ಲೋ ಕಂಡಂತಾಯಿತು. ನೀರಿನ ಬಾಟಲಿ ಕೊಟ್ಟದ್ದು ನೆನಪಾಯಿತು. ಒಂದು ವಾರ ಹುಡುಕಿ ಗೋಪನಕೊಪ್ಪದ ಮನೆಗೆ ಬಂದಳು. ಬಾಗಿಲು ತೆಗೆದ ದಾನವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ಈಗ ಬಂದ್ಯಾ, ತಾಯಿ?”

ಮಾಯಾ ಫಕೀರಪ್ಪನ ಕಾಲು ಮುಟ್ಟಿದಳು. ಅಳುತ್ತ ತಪ್ಪಾಯಿತು ಎಂದಳು. ನಿಮ್ಮ ಬಗ್ಗೆ ಎಲ್ಲರಿಗೂ ಹೇಳುತ್ತೇನೆ, ಜನ ನಿಮ್ಮನ್ನು ನೋಡಲಿ ಎಂದಳು. ಅಷ್ಟರಲ್ಲಿ ಶೆಡ್ಡು ನೆಲಸಮವಾಗಿತ್ತು. ಉಳ್ಳಾಗಡ್ಡಿ ವ್ಯಾಪಾರಿಯ ತಲೆ, ಮುದುಕಿಯ ಕೈ ಎಲ್ಲ ಲಾರಿಯಲ್ಲಿ ಹೋಗಿದ್ದವು. ಅವಳು ಫೋನನ್ನು ಎದುರಿಗೆ ಹಿಡಿದಳು.

“ಒಂದ ಸಲ ಕೂಗ್ರಿ, ಕಾಕಾ. ಇದೊಂದಾರ ಉಳೀಲಿ.”

ಫಕೀರಪ್ಪ ಎದ್ದು ನಿಂತ. ಉಸಿರು ತುಂಬಿಕೊಂಡ. ಬಾಯಿ ತೆರೆದ. ಗಾಳಿ ಮಾತ್ರ ಬಂತು. ಕುತ್ತಿಗೆಯ ನರಗಳು ಉಬ್ಬಿದವು, ಕಣ್ಣು ಕೆಂಪಾದವು. ಸೀಟಿಯಂಥ ಸಣ್ಣ ಸದ್ದೊಂದು ಬಂದು ನಿಂತಿತು.

“ಹದಿನಾರರ ರಾತ್ರಿಯಿಂದ ಹಿಂಗ ಐತಿ,” ಎಂದಳು ದಾನವ್ವ. “ಶುಂಠಿ ಕೊಟ್ಟೆ, ಅರಿಷಿಣ ಕೊಟ್ಟೆ. ಒಂದ ಮಾತು ಹೊರಡವಲ್ದು.”

ಮಾಯಾ ಫೋನು ಕೆಳಗಿಟ್ಟಳು.

ಅವಳು ಬರೆದ ಲೇಖನವನ್ನು ಓದಿದವರು ಕೆಲವೇ ಜನ. ದಸರೆಗೆ ಆ ಸಿನಿಮಾದ ಉಕ್ಕಿನ ಕೋಟೆ ತೆರೆಯಿತು. ಅದರ ಮುಂದೆ ಸಾಲು ನಿಂತವರಲ್ಲಿ ಆ ಟೀಶರ್ಟಿನವರೂ ಇದ್ದರು. ಚಿರತೆಯ ಜೊತೆ ತೆಗೆದ ಚಿತ್ರಗಳನ್ನು ಅವರು ಅದೇ ಪುಟದಲ್ಲಿ ಹಾಕಿದರು. ಮಾಯಾ ಒಂದು ದಿನ ಪುಟವನ್ನೇ ಮುಚ್ಚಿಬಿಟ್ಟಳು.

ಆದರೆ ಗೋಪನಕೊಪ್ಪಕ್ಕೆ ಬರುವುದನ್ನು ಬಿಡಲಿಲ್ಲ. ಪರಿಚಯದ ಗಂಟಲು ಡಾಕ್ಟರೊಬ್ಬರನ್ನು ಗೊತ್ತುಮಾಡಿ, ಸ್ಕೂಟರಿನ ಹಿಂದೆ ಫಕೀರಪ್ಪನನ್ನು ಕೂರಿಸಿಕೊಂಡು ವಿದ್ಯಾನಗರಕ್ಕೆ ಕರೆದೊಯ್ಯುತ್ತಾಳೆ. ದನಿಯ ತಂತಿಗಳು ಗಂಟುಗಟ್ಟಿವೆ, ಪೂರ್ತಿ ಬರುತ್ತದೆಂದು ಹೇಳಲಾರೆ, ಅಭ್ಯಾಸ ಮಾಡಿಸಿ ನೋಡೋಣ ಎಂದಿದ್ದಾರೆ ಡಾಕ್ಟರು. ಪ್ರತಿ ಶುಕ್ರವಾರ ಅವರು ಸಣ್ಣ ಕನ್ನಡಿಯೊಂದನ್ನು ಬಾಯೊಳಗೆ ಹಿಡಿದು ಹೇಳುತ್ತಾರೆ: “ಆ ಅನ್ರಿ.”

ಫಕೀರಪ್ಪ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದು ಪ್ರಯತ್ನಿಸುತ್ತಾನೆ.

“ಇನ್ನೊಮ್ಮೆ ಅನ್ರಿ.”

ಅವನು ಇನ್ನೊಮ್ಮೆ ಪ್ರಯತ್ನಿಸುತ್ತಾನೆ.