ಕುಣಿಯುವ ಮಷೀನು, ಮುಚ್ಚದ ಬಾಗಿಲು

ಬಾಗಿಲಿನ ಮಾತು ಎತ್ತಿದರೆ ಸಾಕು, ಬಡಗಿಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಮರ ಇನ್ನೂ ಹಸಿ ಇದೆ, ಒಣಗಲಿ, ಆಮೇಲೆ ಕೂರಿಸೋಣ ಎಂದು ಅವನು ಬಡಕೊಂಡಿದ್ದ. ಮನೆ ಕಟ್ಟಿಸುತ್ತಿದ್ದ ಗೆಳೆಯ ಮೆಕ್ಯಾನಿಕ್ ಕೇಳಬೇಕಲ್ಲ. ಹೊಸ ಮನೆಯ ಉಮೇದಿನಲ್ಲಿ ತಲೆಯ ಮೇಲೆ ಕೂತು ಮಾಡಿಸಿಕೊಂಡ. ಮಳೆ ಬಂತು, ಮರ ಉಬ್ಬಿತು, ಬಾಗಿಲು ಚೌಕಟ್ಟಿನೊಳಗೆ ಕೂರದಾಯಿತು. ಅಲ್ಲಿಗಾದರೂ ಬಾಯಿ ಮುಚ್ಚಿಕೊಂಡಿದ್ದನೇ? ಟೀ ಅಂಗಡಿಯಲ್ಲಿ ಎಲ್ಲರ ಮುಂದೆ, "ಇವನು ಮಾಡಿದ ಬಾಗಿಲು ಮುಚ್ಚಬೇಕು ಅಂದ್ರೆ ಒಳಗಿಂದ ಒಬ್ರು ಎಳೀಬೇಕು, ಹೊರಗಿಂದ ಒಬ್ರು ಒದೀಬೇಕು. ಒದ್ದೋನಿಗೆ ಆಮೇಲೆ ಜಗಲೀನೇ ಗತಿ" ಎಂದ. ಅಂಗಡಿಗೆ ಅಂಗಡಿಯೇ ನಕ್ಕಿತು.

ಬಡಗಿ ಅರ್ಧ ಟೀ ಅಲ್ಲೇ ಬಿಟ್ಟು ಎದ್ದು ಬಂದ. ಒಂದೇ ಟೀಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಕುಡಿಯುತ್ತಿದ್ದ ಗೆಳೆಯರು ಅವರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಮೆಕ್ಯಾನಿಕ್ಕಿನ ಅಂಗಡಿ ಇರುವ ಬೀದಿಯನ್ನೇ ಬಿಟ್ಟು ಬಡಗಿ ಸುತ್ತು ಬಳಸಿ ಓಡಾಡತೊಡಗಿದ. ಮೊಳೆ ತರುವುದಕ್ಕೂ ಆ ಸುತ್ತು, ಔಷಧಿ ತರುವುದಕ್ಕೂ ಅದೇ ಸುತ್ತು. ಚಪ್ಪಲಿ ಸವೆಯಿತೇ ಹೊರತು ಸಿಟ್ಟು ಸವೆಯಲಿಲ್ಲ.

ಸಿಟ್ಟು ಅವನಿಗೆ ಸೋದರಮಾವ ಕೊಟ್ಟ ಆಸ್ತಿ. ಸ್ಕೂಲು ಅರ್ಧಕ್ಕೆ ಬಿಟ್ಟು ಮಾವನ ಕೈಕೆಳಗೆ ಕೆಲಸಕ್ಕೆ ನಿಂತವನು. ಮಾವ ಉಳಿ ಹಿಡಿಯುವುದನ್ನು ಕಲಿಸಿದ್ದಕ್ಕಿಂತ ಮರದ ತುಂಡು ಎಸೆದದ್ದೇ ಹೆಚ್ಚು. ಆದರೆ ಒಂದು ಮಾತನ್ನು ತಲೆಗೆ ಮೊಳೆ ಹೊಡೆದಂತೆ ಕೂರಿಸಿದ್ದ: ಕೆಟ್ಟಿದ್ದನ್ನ ಎಸೆಯೋಕೆ ಬಡಗಿ ಯಾಕೆ ಬೇಕು? ಹಾಗಾಗಿ ಇವನ ಮನೆಯಿಂದ ಯಾವುದೂ ಗುಜರಿಗೆ ಹೋದದ್ದಿಲ್ಲ. ಕುರ್ಚಿಗೆ ಬೇರೆ ಕುರ್ಚಿಯ ಕಾಲು, ಕೊಡೆಗೆ ಮರದ ಹಿಡಿ. ಹೆಂಡತಿಯ ಹಳೆ ಹೊಲಿಗೆ ಮಷೀನು ಟಿವಿಯನ್ನು ಹೊತ್ತು ನಿಂತಿತ್ತು.

ಇಂಥ ಮನೆಯಲ್ಲಿ ಬಟ್ಟೆ ಒಗೆಯುವ ಮಷೀನು ಕುಣಿಯಲು ಶುರುಮಾಡಿತು.

ನೀರು ಹಿಂಡುವ ಹೊತ್ತಿಗೆ ಬಚ್ಚಲಿನ ಮೂಲೆಯಿಂದ ಹೊರಟು ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಬಡಗಿ ಅದರ ಕೆಳಗಿನ ಮಣೆಗೆ ಒಂದು ಚಕ್ಕೆ ಸಿಕ್ಕಿಸಿದ. ಮಷೀನಿನ ತಳ ತುಕ್ಕು ಹಿಡಿಯದಿರಲಿ ಎಂದು ಹಿಂದೆ ಅವನೇ ಮಾಡಿದ್ದ ಮರದ ಮಣೆ ಅದು. ಮಷೀನು ಚಕ್ಕೆಯನ್ನು ಉಗಿದು ಮತ್ತೆ ಹೊರಟಿತು. ಇನ್ನೊಂದು ಚಕ್ಕೆ, ಮತ್ತೊಂದು ಚಕ್ಕೆ. ಕೊನೆಗೆ ರೇಗಿಹೋಗಿ ಸುತ್ತಲೂ ಪಟ್ಟಿ ಹೊಡೆದು ಮಷೀನಿಗೆ ಒಂದು ಪಂಜರವನ್ನೇ ಕಟ್ಟಿದ. ಅದು ಪಂಜರದೊಳಗೇ ಎಗರಾಡಿ, ಧಡಾರನೆ ಏನೋ ಕಳಚಿದ ಸದ್ದು ಮಾಡಿ, ತೆಪ್ಪಗಾಯಿತು.

"ಒಂದು ಉಯ್ಯಾಲೆನೂ ಮಾಡಿಬಿಡಪ್ಪ, ಪಾಪ, ಬೇಜಾರಾಗಿರುತ್ತೆ ಅದಕ್ಕೆ" ಎಂದಳು ಮಗಳು. ಅವಳು ನರ್ಸು. ದಿನಾ ಬಿಳಿ ಬಟ್ಟೆ ಒಗೆದಿರಬೇಕು. ಈಗ ಅದೆಲ್ಲ ಹೆಂಡತಿಯ ಕೈಗೆ ಬಿತ್ತು. ಅವಳ ಬಲಭುಜ ಮೊದಲೇ ಹಿಡಿದುಕೊಂಡಿತ್ತು. ಬಕೆಟ್ ಎತ್ತುವಾಗ ಹಲ್ಲು ಕಚ್ಚುವುದನ್ನು ಬಡಗಿ ನೋಡಿದ, ನೋಡದವನಂತೆ ಮುಖ ತಿರುಗಿಸಿದ.

"ಭಾನುವಾರದೊಳಗೆ ಇದು ತಿರುಗಬೇಕು. ಇಲ್ಲಾಂದ್ರೆ ಹೊಸದು ತರ್ತೀವಿ, ಇದು ಗುಜರಿಗೆ" ಎಂದಳು ಹೆಂಡತಿ. ಶೋರೂಮಿಗೆ ಫೋನನ್ನೂ ಮಾಡಿಸಿದಳು.

ಹಳೆಯದನ್ನು ನೋಡಿಹೋಗಲು ಬಂದ ಶೋರೂಮಿನವನು ಬೂಟುಗಾಲಿನಿಂದ ಮಷೀನನ್ನು ಒಮ್ಮೆ ತಟ್ಟಿದ. "ಇದರ ಕತೆ ಮುಗೀತು ಸಾರ್."

"ಕಾಲು ತೆಗಿ" ಎಂದ ಬಡಗಿ.

"ಅಲ್ಲ ಸಾರ್, ನಾನು ಹೇಳಿದ್ದು..."

"ಕಾಲು ತೆಗಿ ಅಂದೆ. ನಿಮ್ಮಪ್ಪನಿಗೆ ಹುಷಾರಿಲ್ಲಾಂದ್ರೂ ಹಿಂಗೇ ಒದ್ದು ನೋಡ್ತೀಯಾ?"

ಅವನು ಬ್ಯಾಗು ಎತ್ತಿಕೊಂಡು ಹೋದ. ಹೆಂಡತಿ ಒದ್ದೆ ಸೆರಗು ಹಿಂಡುತ್ತ ಬಂದು ನಿಂತಳು. "ಆಯ್ತಾ? ಹೊಸದೂ ಇಲ್ಲ, ಹಳೇದೂ ಇಲ್ಲ. ನಿಮ್ಮ ಸಿಟ್ಟು ಬಟ್ಟೆ ಒಗೆಯುತ್ತಾ ರೀ? ಒಗೆಯೋ ಹಾಗಿದ್ರೆ ಹೇಳಿ, ನಾಳೆಯಿಂದ ಅದಕ್ಕೇ ಹಾಕ್ತೀನಿ."

ಇಂಥ ಹಳೇ ಮಷೀನಿನ ಹೊಟ್ಟೆಯೊಳಗೆ ಕೈಹಾಕುವವನು ಊರಿಗೆಲ್ಲ ಒಬ್ಬನೇ. ಬಡಗಿ ಚಪ್ಪಲಿ ಮೆಟ್ಟಿದ. ಎಷ್ಟೋ ವರ್ಷದ ಮೇಲೆ ಆ ಬೀದಿಗೆ ತಿರುಗಿದ.

ಅಂಗಡಿಯ ಮೆಟ್ಟಿಲು ಮಾತ್ರ ಹತ್ತಲಿಲ್ಲ. ರಸ್ತೆಯಲ್ಲೇ ನಿಂತು, ಎದುರಿನ ಕಂಬಕ್ಕೆ ಹೇಳುವವನಂತೆ, "ನಮ್ಮನೆಯವಳು ಕರೀತಿದ್ದಾಳೆ. ಮಷೀನು ನಿಂತಿದೆ" ಎಂದ.

ಒಳಗಿನಿಂದ ಸ್ಪ್ಯಾನರ್ ಕೆಳಗಿಟ್ಟ ಸದ್ದು. "ಅತ್ತಿಗೆ ಕರೆದ್ರೆ ಬಂದೆ. ನೀನು ಕರೆದಿದ್ರೆ ಯೋಚನೆ ಮಾಡ್ತಿದ್ದೆ."

ಮೆಕ್ಯಾನಿಕ್ ಬಂದವನೇ ಪಂಜರ ನೋಡಿ ಮೂಗಿನ ಮೇಲೆ ಬೆರಳಿಟ್ಟ. "ಇದು ಯಾರನ್ನಾದ್ರೂ ಕಚ್ಚಿತ್ತಾ?"

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಒಳಗೋಡಿದಳು. ಮೆಕ್ಯಾನಿಕ್ ಪಟ್ಟಿ ಕಿತ್ತ, ಹಿಂದಿನ ತಗಡು ಬಿಚ್ಚಿದ, ಟಾರ್ಚು ಹಿಡಿದು ಇಣುಕಿದ. ಒಳಗಿನ ತೊಟ್ಟಿಯನ್ನು ತೂಗುಹಾಕುವ ಒಂದು ಸ್ಪ್ರಿಂಗು ಕೊಂಡಿಯಿಂದ ಕಳಚಿ ಬಿದ್ದಿತ್ತು. ಅದನ್ನು ಎಳೆದು ಸಿಕ್ಕಿಸಿದ. ಆಮೇಲೆ ಮಣೆಯನ್ನು ಬಚ್ಚಲಿನ ನೆಲದ ಮೇಲೆ ಇಟ್ಟು ಒಂದು ಬೆರಳಿನಿಂದ ಒತ್ತಿದ. ಮಣೆ ಟಕ್ ಎಂದು ಆ ಕಡೆಗೆ ವಾಲಿತು. ಬಿಟ್ಟ. ಟಕ್ ಎಂದು ಈ ಕಡೆಗೆ ಬಂತು.

"ಮೊದಲಿಗೆ ಮಷೀನಿಗೆ ಏನೂ ಆಗಿರಲಿಲ್ಲ. ಮಣೆ ಸೊಟ್ಟಗಾಗಿದೆ, ಅದಕ್ಕೇ ಕುಣೀತಿತ್ತು. ಈ ಮರ ಎಲ್ಲೋ ನೋಡಿದ ಹಾಗಿದೆಯಲ್ಲ."

"ಅಣ್ಣಾ, ಇದು ನಿಮ್ಮ ಬಾಗಿಲಿನ ತಮ್ಮ. ಉಳಿದ ಹಲಗೇಲಿ ಮಾಡಿದ್ರು" ಎಂದಳು ಹೆಂಡತಿ.

ಬಡಗಿ ಗೋಡೆ ನೋಡಿದ. ಈಗ ಬಂತು ಎಂದು ಕಾದ. ಟೀ ಅಂಗಡಿಯ ಮಾತು ಇನ್ನೊಮ್ಮೆ ಬಿದ್ದರೆ ಸುತ್ತಿಗೆ ಎತ್ತುವುದೋ ಬಿಡುವುದೋ ಅವನಿಗೇ ಗೊತ್ತಿರಲಿಲ್ಲ. ಆದರೆ ಮೆಕ್ಯಾನಿಕ್ ಟಾರ್ಚು ಆರಿಸಿ ಜೇಬಿಗೆ ಹಾಕಿದ. ಮಣೆಯನ್ನು ಗೋಡೆಗೆ ಒರಗಿಸಿ, ಮಷೀನನ್ನು ನೆಲದ ಮೇಲೆ ಕೂರಿಸಿ, ಅದರ ಕಾಲುಗಳನ್ನು ತಿರುಗಿಸಿ ಸಮ ಮಾಡಿ ಗುಂಡಿ ಒತ್ತಿದ. ಮಷೀನು ಮೆಲ್ಲಗೆ ಗುರುಗುಟ್ಟುತ್ತ ನಿಂತಲ್ಲೇ ತಿರುಗಿತು. ಹೆಂಡತಿ ಭುಜ ನೀವಿಕೊಳ್ಳುತ್ತ ಸ್ಟೂಲಿನ ಮೇಲೆ ಕೂತಳು.

ಬಡಗಿ ಜೇಬಿಗೆ ಕೈಹಾಕಿದ.

"ಅತ್ತಿಗೆ ಟೀ ಕೊಟ್ರಲ್ಲ, ಸಾಕು" ಎಂದು ಮೆಕ್ಯಾನಿಕ್ ಹೊರಟೇಹೋದ.

ಇದು ಬಡಗಿಗೆ ಹಿಡಿಸಲಿಲ್ಲ. ಯಾರ ಹಂಗಿನಲ್ಲೂ ಇದ್ದವನಲ್ಲ, ಅದರಲ್ಲೂ ಇವನ ಹಂಗು. ಬೆಳಗಾಗುತ್ತಲೇ ಉಳಿ, ಸುತ್ತಿಗೆ, ಮರ ಹೆರೆಯುವ ಉಜ್ಜುಗೊರಡು ಎಲ್ಲ ಚೀಲಕ್ಕೆ ಹಾಕಿಕೊಂಡು, ಆ ಬಾಗಿಲನ್ನು ಸರಿಮಾಡಿ ಲೆಕ್ಕ ಚುಕ್ತಾ ಮಾಡಿಬಿಡುತ್ತೇನೆ ಎಂದು ಮೆಕ್ಯಾನಿಕ್ಕಿನ ಮನೆಗೆ ಹೋದ. ನೋಡಿದರೆ ಚೌಕಟ್ಟಿನಲ್ಲಿ ನೀಲಿ ಬಣ್ಣದ ಕಬ್ಬಿಣದ ಬಾಗಿಲು.

"ನನ್ನ ಬಾಗಿಲೆಲ್ಲೋ?"

ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಬದಲಾಯಿಸಿಬಿಟ್ಟೆ."

"ಊರಿಗೆಲ್ಲ ರಿಪೇರಿ ಮಾಡೋನು, ನೀನು ಬದಲಾಯಿಸ್ದೆ?"

"ಏನು ಮಾಡ್ಲಿ? ನೀನು ಮಾತು ಬಿಟ್ಟಿದ್ದೆ. ಇನ್ನೊಬ್ಬ ಬಡಗಿ ಕೈಲಿ ಅದನ್ನ ಕೆರೆಸೋಕೆ ಮನಸ್ಸು ಬರ್ಲಿಲ್ಲ ಕಣೋ."

ಅಂಗಡಿಯ ಒಳಕೋಣೆಗೆ ಕರೆದುಕೊಂಡು ಹೋದ. ಎರಡು ಡ್ರಮ್ಮುಗಳ ಮೇಲೆ ಬಾಗಿಲು ಅಂಗಾತ ಮಲಗಿತ್ತು. ಮೇಲೆಲ್ಲ ಮೋಟಾರು, ನಟ್ಟು, ಎಣ್ಣೆ ಕಲೆ. ಬಡಗಿ ಬಗ್ಗಿ ಒಂದು ಕಣ್ಣು ಮುಚ್ಚಿ ಅಂಚನ್ನು ನೋಡಿದ. ಒಂದು ಕೂದಲೆಳೆಯಷ್ಟೂ ಸೊಟ್ಟವಿಲ್ಲ. ಭಾರ ಹೊತ್ತು, ನೆರಳಲ್ಲಿ ಒಣಗಿ, ನೀರು ನಿಂತಂತೆ ಸಮವಾಗಿತ್ತು.

"ಈಗ ಹಾಕಿದ್ರೆ ಸಲೀಸಾಗಿ ಮುಚ್ಚುತ್ತೆ. ತೆಗಿ ಸಾಮಾನೆಲ್ಲ" ಎಂದ.

"ಕೈ ಮುಟ್ಟಬೇಡ. ಇದರ ಮೇಲೆ ನನ್ನ ಕೆಲಸ ಕೂತಿದೆ. ಮನೇಲಿ ಬೇರೇನೂ ಕೆಟ್ಟಿಲ್ಲ, ಟೀ ಕುಡಿಯೋಣ ನಡಿ."

ಟೀ ಕುಡಿದರು, ಒಂದನ್ನೇ ಎರಡು ಮಾಡಿ. ದುಡ್ಡನ್ನೂ ಮೆಕ್ಯಾನಿಕ್ಕೇ ಕೊಟ್ಟುಬಿಟ್ಟ, ಅದೊಂದು ಹಂಗು ಬೇರೆ.

ಈಗ ಬಡಗಿ ದಿನಾ ಅದೇ ಬೀದಿಯಲ್ಲಿ ಹೋಗುತ್ತಾನೆ. ಅಂಗಡಿಯ ಮುಂದೆ ನಿಂತು, "ಕಿಟಕಿ ಏನಾದ್ರೂ ಅಲ್ಲಾಡ್ತಿದೆಯಾ? ಮಂಚ ಕಿರ್ ಅಂತಿದೆಯಾ?" ಎಂದು ಕೇಳುತ್ತಾನೆ.

"ಎಲ್ಲ ಗಟ್ಟಿಯಾಗಿದೆ ಕಣೋ" ಎನ್ನುತ್ತಾನೆ ಮೆಕ್ಯಾನಿಕ್, ತಲೆ ಎತ್ತದೆ.

ಬಡಗಿ ಹಲ್ಲು ಕಡಿಯುತ್ತ ಮುಂದೆ ನಡೆಯುತ್ತಾನೆ. ಚೀಲದಲ್ಲಿ ಉಜ್ಜುಗೊರಡು ಇದ್ದೇ ಇರುತ್ತದೆ.